ಎಷ್ಟು ಇಂಚು ಇಳಿಸಿದ್ರಿ?

ನಮ್ಮ ಲಾರಿ ನೋಡಿದವರು ಕೇಳುವ ಪ್ರಶ್ನೆ ಇದೊಂದೇ. "ಮುಂದುಗಡೆ ಎಷ್ಟು ಇಂಚು ಇಳಿಸಿದ್ರಿ?" ಅಂದರೆ ಲಾರಿಯ ಮುಂಭಾಗದ ಎತ್ತರ ಎಷ್ಟು ತಗ್ಗಿಸಿದ್ದೀರಿ ಅಂತ. ಬಳ್ಳಾರಿ ಎಪಿಎಂಸಿ ಹತ್ತಿರ ಟೀಗೆ ನಿಲ್ಲಿಸಿದರೂ ಇದೇ, ಸಿರುಗುಪ್ಪದಲ್ಲಿ ಮದುವೆ ಊಟಕ್ಕೆ ಕೂತರೂ ಇದೇ. ಎಲೆಗೆ ಉಪ್ಪು ಬೀಳುವ ಮೊದಲು ಪ್ರಶ್ನೆ ಬಿದ್ದಿರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಲಾರಿ ಅಪ್ಪನದು, ಮೂತಿ ಇರುವ ಟಾಟಾ 1210. ಊರಲ್ಲಿ ಇವತ್ತಿಗೂ ಬೆಂಜ್ ಲಾರಿ ಅಂತಲೇ ಅನ್ನುತ್ತಾರೆ. ಟಾಟಾದವರು 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಶುರು ಮಾಡಿದ್ದು, 1969ರಲ್ಲಿ ಆ ಜೊತೆ ಮುಗಿಯಿತು. ನಮ್ಮದು ಅದಾದ ಮೇಲಿನ ಗಾಡಿ, ಆದರೂ ಹೆಸರು ಬಿಟ್ಟಿಲ್ಲ. ಮೊದಲು ಗಂಗಾವತಿಯ ಅಕ್ಕಿ ಹೊತ್ತಿತು, ಆಮೇಲೆ ಸಂಡೂರಿನ ಅದಿರು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ ಇದೂ ನಿಂತಿತು, ಮನೆ ಹಿಂದೆ ಬೇವಿನ ಮರದ ಕೆಳಗೆ. ಅಲ್ಲಿಂದ ಎಬ್ಬಿಸಿದ್ದು ನಾನು. ಮುಂದಿನ ಹಳೆ ಕಮಾನ್ ಪಟ್ಟಿ, ಅಂದರೆ ಆಕ್ಸಲ್ ಮೇಲೆ ಕೂತು ಲಾರಿಯ ಭಾರ ಹೊರುವ ಉಕ್ಕಿನ ಸ್ಪ್ರಿಂಗ್ ಪಟ್ಟಿ, ತೆಗೆದು ಪ್ಯಾರಾಬೋಲಿಕ್ ಪಟ್ಟಿ ಹಾಕಿದ್ದೇನೆ. ಇವು ಎಣಿಕೆಯಲ್ಲಿ ಕಡಿಮೆ, ನಡುವೆ ದಪ್ಪ, ತುದಿಗೆ ತೆಳು. ಹಳೆಯವು ಒಂದಕ್ಕೊಂದು ಉಜ್ಜಿಕೊಂಡು ಬಿಗಿಯಾಗುತ್ತಿದ್ದವು, ಇವು ಅಷ್ಟಾಗಿ ಉಜ್ಜುವುದಿಲ್ಲ. ಕಣ್ಣಿಂದ ಕಣ್ಣಿಗೆ (ಪಟ್ಟಿಯ ಎರಡು ತುದಿಯ ಬಳೆಗಳ ನಡುವೆ) ಉದ್ದ, ಪಟ್ಟಿಯ ಅಗಲ, ಸೆಂಟರ್ ಬೋಲ್ಟಿನ ಜಾಗ ಮೂರೂ ಹೊಂದುವ ಸೆಟ್ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಅದನ್ನು ಯಾರೂ ಕೇಳುವುದಿಲ್ಲ.

ಈಗ ಆ ಪ್ರಶ್ನೆಗೆ ಬರೋಣ. ಇಳಿಸಿದ್ದು ಅಂದರೆ ಯಾವುದಕ್ಕಿಂತ? ಅದಿರಿನ ಕಾಲದಲ್ಲಿ ಅಪ್ಪ ಎರಡೂ ಕಡೆ ಒಂದೊಂದು ಪಟ್ಟಿ ಜಾಸ್ತಿ ಹಾಕಿಸಿದ್ದರು. ಅದಕ್ಕಿಂತಲಾ? ಅದಕ್ಕೂ ಮೊದಲು ಮೂವತ್ತು ವರ್ಷ ಭಾರ ಹೊತ್ತು ಕುಸಿದಿದ್ದ ಎತ್ತರಕ್ಕಿಂತಲಾ? ಕಾರ್ಖಾನೆಯಿಂದ ಬಂದ ದಿನ ಎಷ್ಟಿತ್ತೋ ಅಪ್ಪನೂ ಅಳೆದಿಲ್ಲ, ಲೋಡಿಗೆ ಹೋಗುವ ಅವಸರದಲ್ಲಿ ಯಾರು ಟೇಪು ಹಿಡಿಯುತ್ತಾರೆ.

ಈ "ಇಳಿಸೋ" ಮಾತು ಮೊಬೈಲಿನಿಂದ ಬಂದದ್ದು. ನನ್ನ ಅತ್ತೆ ಮಗ ಅಮೆರಿಕದ ಹಳೆ ಶೆವರ್ಲೆ ಪಿಕಪ್‌ಗಳ ವಿಡಿಯೋ ತೋರಿಸಿ "ಸ್ಪ್ರಿಂಗು ಒಂದು ಸುತ್ತು ಕತ್ತರಿಸಿಬಿಡು, ಸೂಪರ್ ಕಾಣ್ತದ" ಅಂದ. ಅಯ್ಯೋ ಮಾರಾಯ, ಅಲ್ಲಿ ಕಾಯಿಲ್ ಸ್ಪ್ರಿಂಗು, ಒಂದೊಂದು ಚಕ್ರಕ್ಕೂ ಬೇರೆ ತೋಳು. ಸ್ಪ್ರಿಂಗು ಆ ತೋಳಿನ ನಡುವೆ ಎಲ್ಲೋ ಕೂತಿರುತ್ತದೆ, ಹಾಗಾಗಿ ಸ್ಪ್ರಿಂಗಿನಲ್ಲಿ ಒಂದು ಇಂಚು ಹೋದರೆ ಚಕ್ರದ ಹತ್ತಿರ ಎರಡು ಇಂಚಿನಷ್ಟು ಹೋಗುತ್ತದೆ, ಚಕ್ರವೂ ಓರೆಯಾಗುತ್ತದೆ. ನಮ್ಮದು ಮುಂದಿನ ಎರಡೂ ಚಕ್ರಕ್ಕೆ ಒಂದೇ ಆಕ್ಸಲ್, ಅದರ ಮೇಲೆ ಪಟ್ಟಿ, ಎರಡನ್ನೂ ಹಿಡಿದಿಡಲು ಯು ಬೋಲ್ಟು. ಕತ್ತರಿಸಲು ಇಲ್ಲೇನಿದೆ, ಯು ಬೋಲ್ಟಾ?

ನನಗೆ ಸರಿಯಾದ ಪ್ರಶ್ನೆಯನ್ನು ಒಬ್ಬರೇ ಕೇಳಿದ್ದು. ಮೂರು ವರ್ಷದ ಹಿಂದೆ, ಆಯುಧ ಪೂಜೆ ದಿನ. ಹಿಂದಿನ ರಾತ್ರಿ ಪಟ್ಟಿ ಕೂರಿಸಿ, ಬೆಳಿಗ್ಗೆ ಕುಂಬಳಕಾಯಿ ಒಡೆದು, ಟೇಪು ಹಿಡಿದು ಬಂದವರಿಗೆಲ್ಲ "ಬರೀ ಕಾಲು ಇಂಚು ಇಳಿದಿದೆ ನೋಡಿ" ಅಂತ ಹೇಳುತ್ತಿದ್ದೆ. ಅಪ್ಪನ ಜೊತೆ ಲಾರಿ ಓಡಿಸಿದ್ದ ಕಾಕಾ ಒಬ್ಬರು ಬಗ್ಗಿ ನೋಡಿದರು. "ತಮ್ಮಾ, ಬೋಲ್ಟು ನೆಲದ ಮ್ಯಾಲೆ ಬಿಗಿ ಮಾಡಿಯೋ, ಗಾಳ್ಯಾಗ ಮಾಡಿಯೋ?"

ನಾನು ನಕ್ಕೆ. "ಕಾಕಾ, ಬಿಗಿ ಅಂದ್ರ ಬಿಗಿ ಅಲ್ರೀ" ಅಂದೆ.

ಹಳೆ ಪಟ್ಟಿಯ ಕಣ್ಣಿಗೆ ಪಿನ್ನು, ಅದರ ಸುತ್ತ ಕೊಳವೆಯಂಥ ಲೋಹದ ಬುಷ್ಷು, ಗ್ರೀಸು. ಎಲ್ಲಿ ಬಿಗಿ ಮಾಡಿದರೂ ತಿರುಗುತ್ತಿತ್ತು. ನನ್ನ ಹೊಸ ಸೆಟ್ಟಿಗೆ ರಬ್ಬರ್ ಬುಷ್ಷು. ನಾನು ಚಾಸಿಸನ್ನು ಎತ್ತಿ, ಆಕ್ಸಲ್ ಕೆಳಗೆ ಜೋತಾಡುತ್ತಿರುವಾಗಲೇ ಸ್ಪ್ಯಾನರಿಗೆ ಪೈಪು ಹಾಕಿ ಕಣ್ಣಿನ ಬೋಲ್ಟು ಪೂರ್ತಿ ಬಿಗಿ ಮಾಡಿದ್ದೆ. ರಬ್ಬರು ಆ ಜೋತಾಡುವ ಸ್ಥಿತಿಯಲ್ಲೇ ಕಚ್ಚಿಕೊಂಡಿತು. ಲಾರಿ ನೆಲಕ್ಕೆ ಇಳಿದಾಗ ತಿರುಚಿಕೊಂಡು ಮೇಲಕ್ಕೆ ಒತ್ತುತ್ತಿತ್ತು. ನಾನು ಹೆಮ್ಮೆಯಿಂದ ತೋರಿಸಿದ ಎತ್ತರದಲ್ಲಿ ಸ್ವಲ್ಪ ಪಟ್ಟಿಯದಲ್ಲ, ಆ ರಬ್ಬರಿನ ಸಿಟ್ಟು. ಸಾಲದ್ದಕ್ಕೆ ಅಳೆದಾಗ ಬ್ಯಾಟರಿ ಕೆಳಗಿತ್ತು, ಬಾನೆಟ್ಟು ಗೋಡೆಗೆ ಒರಗಿತ್ತು, ಆ ಭಾರವೂ ಪಟ್ಟಿಯ ಮೇಲಿರಲಿಲ್ಲ. ಎರಡು ತಿಂಗಳಿಗೆ ಬಲಗಡೆ ಕಿರಗುಟ್ಟಲು ಶುರುವಾಯಿತು, ಬುಷ್ಷು ಹರಿದಿತ್ತು, ಎತ್ತರ ಮುಕ್ಕಾಲು ಇಂಚು ಹೋಗಿತ್ತು. ಸ್ಟೇರಿಂಗಿನಿಂದ ಚಕ್ರದ ಕಡೆ ಹೋಗುವ ಡ್ರ್ಯಾಗ್ ಲಿಂಕ್ ಕಂಬಿಯ ಕೋನ ಬದಲಾಗಿ, ಲಾರಿ ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಸೊಟ್ಟಗೆ ಹಿಡಿಯಬೇಕಾಗಿತ್ತು. ಮತ್ತೆ ಬುಷ್ಷು ತಂದೆ. ಈ ಸಲ ಬೋಲ್ಟು ಸಡಿಲ ಬಿಟ್ಟು, ಎಲ್ಲ ಭಾಗ ಜೋಡಿಸಿ, ಡೀಸೆಲ್ ತುಂಬಿಸಿ, ನೆಲಕ್ಕಿಳಿಸಿ, ನಾಲ್ಕು ಸಲ ಹಿಂದೆ ಮುಂದೆ ಓಡಿಸಿ, ಲಾರಿ ತನ್ನಷ್ಟಕ್ಕೆ ಕೂತ ಮೇಲೆ ಬಿಗಿ ಮಾಡಿದೆ. ಕಾಕಾಗೆ ಇದನ್ನು ಇನ್ನೂ ಹೇಳಿಲ್ಲ. ಅವರು ಇದನ್ನು ಓದುವುದೂ ಇಲ್ಲ, ಆ ಧೈರ್ಯದ ಮೇಲೆ ಬರೆದಿದ್ದೇನೆ.

ಇನ್ನೊಂದು ಪ್ರಶ್ನೆ ಇದೆ. ಓಡಿಸೋಕೆ ಹೇಗಿದೆ ಅಂತ. ಅಷ್ಟು ಖರ್ಚು ಮಾಡಿದ್ದೇ ಅದಕ್ಕೆ, ಆದರೆ ಅದನ್ನೂ ಯಾರೂ ಕೇಳುವುದಿಲ್ಲ. ಅಪ್ಪನಿಗೆ ಈಗ ಸೊಂಟಕ್ಕೆ ಬೆಲ್ಟು. ಹೋದ ಬೇಸಿಗೆಯಲ್ಲಿ ಅವರನ್ನೇ ಸ್ಟೇರಿಂಗ್ ಮುಂದೆ ಕೂರಿಸಿ ಸಂಡೂರು ಕಡೆ ಹೊರಟೆವು. ತೋರಣಗಲ್ಲು ದಾಟಿದ ಮೇಲೆ ಅಪ್ಪ ಕೇಳಿದರು, "ಈ ರಸ್ತಿ ಯಾವಾಗ ರಿಪೇರಿ ಮಾಡಿದ್ರೋ?"

ಮಾಡಿರಲಿಲ್ಲ.

ಸರಿ, ಇಷ್ಟು ಓದಿದವರಿಗೆ ಅಳತೆ ಕೊಡುತ್ತೇನೆ. ನೆಲದಿಂದ ಅಲ್ಲ, ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ, ಸಮ ನೆಲದಲ್ಲಿ, ಲೋಡಿಲ್ಲದೆ, ಟ್ಯಾಂಕ್ ತುಂಬಿ: ಎಡಕ್ಕೆ 23 ಇಂಚು, ಬಲಕ್ಕೆ 23 ಇಂಚು ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ). ಆ ಒಂದು ನೂಲು ಯಾಕೆ ಜಾಸ್ತಿ ಅಂತ ಕೇಳಬೇಡಿ. ಅಪ್ಪ ಹತ್ತಿ ಕೂತರೆ ಸರಿಹೋಗುತ್ತದೆ.