ಲೀಕ್ ಫೋಟೋ ಸ್ಕೇಲ್: ಕೊನೆಗೂ ಗೋಲ್ಡ್ ಫಿಂಗರ್ ಬಾಯಿ ಬಿಟ್ಟಿತು

ಅಳತೆ ಕೂಡಿ ಬಂತು! ಲೀಕ್ ಫೋಟೋ ನಕಲಿಯಾ ಅಂತ ಹಿಡಿಯಲು ನಾನು ಬರೆಯುತ್ತಿರುವ ಪ್ರೋಗ್ರಾಂ, ಅಸಲಿ ಬೋರ್ಡಿನ ಫೋಟೋ ಕೊಟ್ಟರೆ ಈಗ ಸುಮ್ಮನಿರುತ್ತದೆ. ನಾನೇ ಫೋಟೋ ತಿದ್ದುವ ಜಿಂಪ್‌ನಲ್ಲಿ ಕತ್ತರಿಸಿ ಅಂಟಿಸಿದ ನಕಲಿ ಕೊಟ್ಟರೆ ಗಲಾಟೆ ಮಾಡುತ್ತದೆ. ಇಷ್ಟು ದಿನ ಎರಡಕ್ಕೂ ಗಲಾಟೆ ಮಾಡುತ್ತಿತ್ತು. ಬೀದಿಯಲ್ಲಿ ಹೋಗುವವರನ್ನೆಲ್ಲ ಕಳ್ಳ ಅನ್ನುವ ಪೊಲೀಸಪ್ಪನನ್ನು ಇಟ್ಟುಕೊಂಡು ಏನು ಮಾಡೋದು, ಹೇಳಿ?

ಹೊಸಬರಿಗೆ ಎರಡೇ ಮಾತು. ಇನ್ನೂ ಬಿಡುಗಡೆಯಾಗದ ಗ್ರಾಫಿಕ್ಸ್ ಕಾರ್ಡ್ ಅಂತ ಹರಿದಾಡುವ ಬೋರ್ಡ್ ಫೋಟೋದಲ್ಲಿ, ಅಳತೆ ಮೊದಲೇ ಗೊತ್ತಿರುವ ಭಾಗಗಳನ್ನೇ ಸ್ಕೇಲ್ ಮಾಡಿಕೊಳ್ಳುವುದು. ಆಮೇಲೆ ಉಳಿದ ಭಾಗಗಳು ಅದಕ್ಕೆ ತಾಳೆಯಾಗುತ್ತವಾ ನೋಡುವುದು. ಚಿತ್ರಗಳನ್ನು ಓದಿ ಅಳೆಯುವ ಓಪನ್‌ಸಿವಿ ಲೈಬ್ರರಿ ಹಾಕಿಕೊಳ್ಳುವುದು, ಮೂಲೆ ಗುರುತು ಮಾಡುವುದು, ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡೋಣ.

"ಇಷ್ಟೆಲ್ಲ ಯಾಕೆ, ಎರರ್ ಲೆವೆಲ್ ಅನಾಲಿಸಿಸ್ ಹಾಕಿದರೆ ಆಗಲ್ವಾ?" ಅಂತ ಕೇಳುವವರು ಜಾಸ್ತಿ. ಜೆಪೆಗ್ ಸೇವ್ ಆದ ಗುರುತು ಎಲ್ಲಿ ಬೇರೆಯಾಗಿದೆ ನೋಡಿ, ಅಂಟಿಸಿದ ಜಾಗ ಹುಡುಕುವ ಪರೀಕ್ಷೆ ಅದು. ಆಗಲ್ಲ. ಲೀಕ್ ಫೋಟೋ ನಮ್ಮ ಕೈಗೆ ಬರುವ ಹೊತ್ತಿಗೆ ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ, ಇನ್ಯಾರೋ ಕ್ರಾಪ್ ಮಾಡಿರುತ್ತಾರೆ, ಮತ್ಯಾರೋ ದೊಡ್ಡದಾಗಿ ತಮ್ಮ ಹೆಸರು ಬರೆದಿರುತ್ತಾರೆ. ಯಾವ ಕ್ಯಾಮೆರಾ, ಯಾವಾಗ ತೆಗೆದದ್ದು ಅಂತ ಹೇಳುವ ಎಕ್ಸಿಫ್ ಮಾಹಿತಿ ಮೊದಲ ವಾಟ್ಸಾಪ್‌ಗೇ ಹೋಗಿರುತ್ತದೆ. ಮತ್ತೆ ಮತ್ತೆ ಸೇವ್ ಆದ ಜೆಪೆಗ್‌ನಲ್ಲಿ ಎಲ್ಲ ಕಡೆಯೂ ಒಂದೇ ಥರ ಮಂಕು. ಕೊನೆಯಲ್ಲಿ ಬರೆದ ಆ ಹೆಸರು ಮಾತ್ರ ಝಗ್ಗನೆ ಹೊಳೆಯುತ್ತದೆ. ಅದು ಆಮೇಲೆ ಸೇರಿಸಿದ್ದು ಅಂತ ತಿಳಿಯಲು ಸಾಫ್ಟ್‌ವೇರ್ ಬೇಕಾ?

ಇನ್ನೂ ದೊಡ್ಡ ಕಾರಣ ಎನ್ವಿಡಿಯಾದ ಫರ್ಮಿ ಚಿಪ್ಪಿನ ಕಥೆ. 2009ರ ಸೆಪ್ಟೆಂಬರ್ 30ರಂದು ಸ್ಯಾನ್ ಹೋಸೆಯಲ್ಲಿ ನಡೆದ ಕಂಪನಿಯ ಸಮಾವೇಶ ಜಿಟಿಸಿಯ ವೇದಿಕೆಯಲ್ಲಿ ಅದರ ಮುಖ್ಯಸ್ಥ ಜೆನ್ಸನ್ ಹುವಾಂಗ್ ಒಂದು ಕಾರ್ಡ್ ಎತ್ತಿ ಹಿಡಿದು ಇದೇ ಫರ್ಮಿ ಅಂದರು. ಫೋಟೋಗಳನ್ನು ದೊಡ್ಡದು ಮಾಡಿ ನೋಡಿದವರಿಗೆ ಮರಕ್ಕೆ ಹೊಡೆಯುವಂಥ ಸ್ಕ್ರೂ ಕಂಡವು. ಬೋರ್ಡಿನ ತುದಿಯನ್ನು ಗರಗಸದಲ್ಲಿ ಕೊಯ್ದ ಹಾಗಿತ್ತು. ಪವರ್ ಕನೆಕ್ಟರ್ ಇದ್ದ ಜಾಗಕ್ಕೂ ಬೋರ್ಡಿನ ಬೆಸುಗೆ ಚುಕ್ಕೆಗಳಿಗೂ ಸಂಬಂಧವೇ ಇರಲಿಲ್ಲ. ತೋರಿಸಿದ್ದು ಬರೀ ಮಾದರಿ ಅಂತ ಎನ್ವಿಡಿಯಾ ಆಮೇಲೆ ಒಪ್ಪಿಕೊಂಡಿತು. ನಿಜವಾದ ಫರ್ಮಿ ಕಾರ್ಡ್, ಜಿಟಿಎಕ್ಸ್ 480, ಬಂದದ್ದು 2010ರ ಮಾರ್ಚ್‌ನಲ್ಲಿ. ಈಗ ಯೋಚಿಸಿ: ಆ ಫೋಟೋಗಳಲ್ಲಿ ಒಂದು ಪಿಕ್ಸೆಲ್ ಕೂಡ ಸುಳ್ಳಲ್ಲ. ಜಗತ್ತಿನ ಯಾವ ಪಿಕ್ಸೆಲ್ ಪರೀಕ್ಷೆ ಹಾಕಿದರೂ ಪಾಸ್. ಸುಳ್ಳು ಇದ್ದದ್ದು ಕೈಯಲ್ಲಿದ್ದ ವಸ್ತುವಿನಲ್ಲಿ.

2016ರ ಮಾರ್ಚ್‌ನಲ್ಲಿ ನಿಂಟೆಂಡೊ ಎನ್ಎಕ್ಸ್ (ಆಮೇಲೆ ಸ್ವಿಚ್ ಅಂತ ಬಂದ ಗೇಮ್ ಯಂತ್ರ) ಕಂಟ್ರೋಲರ್ ಅಂತ ಹರಿದಾಡಿದ ಫೋಟೋದ ಕಥೆಯೂ ಇದೇ. 3ಡಿ ಪ್ರಿಂಟ್ ಮಾಡಿದ ವಸ್ತುವನ್ನು ಮೇಜಿನ ಮೇಲಿಟ್ಟು ತೆಗೆದ ನಿಜವಾದ ಫೋಟೋ. ಮಾಡಿದವರೇ ಆಮೇಲೆ ಹೇಗೆ ಮಾಡಿದೆವು ಅಂತ ವಿಡಿಯೋ ಹಾಕಿದರು. ಅದು ನಿಂಟೆಂಡೊ ಪೇಟೆಂಟಿನ ಚಿತ್ರವನ್ನು ಹಾಗೇ ಹೋಲುತ್ತಿತ್ತು, ಅದಕ್ಕೇ ಜನ ನಂಬಿದ್ದು. ಅಕ್ಟೋಬರ್‌ನಲ್ಲಿ ತೋರಿಸಿದ ಸ್ವಿಚ್ ಅದರ ಹತ್ತಿರಕ್ಕೂ ಇರಲಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಫೋಟೋವನ್ನು ಅನುಮಾನಿಸುವುದು ಆಮೇಲಿನ ಕೆಲಸ, ಮೊದಲು ವಸ್ತುವನ್ನು ಅಳೆಯಬೇಕು.

ಸರಿ, ಸ್ಕೇಲ್ ಎಲ್ಲಿದೆ? ಪಿಸಿಐಇ ಎಕ್ಸ್16 ಕಾರ್ಡಿನ ಗೋಲ್ಡ್ ಫಿಂಗರ್‌ನಲ್ಲೇ ಇದೆ, ಅಂದರೆ ಮದರ್‌ಬೋರ್ಡಿನ ಉದ್ದ ಸ್ಲಾಟಿಗೆ ಕೂರುವ ಅಂಚಿನಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಬೆರಳುಗಳಲ್ಲೇ. ಒಂದು ಬದಿಗೆ 82 ಬೆರಳು. 11 ಆದಮೇಲೆ ಕೀ ಕಟ್ಟು ಅನ್ನುವ ಸೀಳು, ಆಮೇಲೆ 71. ಬೆರಳಿಂದ ಬೆರಳಿಗೆ ಇರುವ ದೂರ, ಅಂದರೆ ಪಿಚ್, ಸರಿಯಾಗಿ 1 ಮಿ.ಮೀ. ಅಂದರೆ ಆ 71ರಲ್ಲಿ ಮೊದಲನೆಯದರ ನಡುವಿಂದ ಕೊನೆಯದರ ನಡುವಿಗೆ 70 ಮಿ.ಮೀ. ಯಾವ ಕಂಪನಿಯ ಕಾರ್ಡ್ ಆದರೂ ಇದು ಬದಲಾಗುವ ಹಾಗಿಲ್ಲ, ಬದಲಾದರೆ ಸ್ಲಾಟಿಗೇ ಕೂರುವುದಿಲ್ಲ. ಇನ್ನೊಂದು ಮಜಾ: ಕಾರ್ಡ್ ಕೂತಿದೆ ಅಂತ ಮದರ್‌ಬೋರ್ಡಿಗೆ ತಿಳಿಸುವ ಬೆರಳು ಉಳಿದವಕ್ಕಿಂತ ಕುಳ್ಳ. ಬಿ ಬದಿಯಲ್ಲಿ 81ನೆಯದು, ಅಂದರೆ ಕೊನೆಯಿಂದ ಎರಡನೆಯದು, ಝೂಮ್ ಮಾಡಿ ನೋಡಿ. ಎಐ ಕೈಲಿ ನಾನು ಬರೆಸಿ ನೋಡಿದ ಕಾರ್ಡುಗಳಲ್ಲಿ ಬೆರಳಿನ ಲೆಕ್ಕವೂ ತಪ್ಪು, ಕುಳ್ಳ ಬೆರಳಂತೂ ಇಲ್ಲವೇ ಇಲ್ಲ. ಅಂಥದಕ್ಕೆ ಸ್ಕೇಲ್ ಬೇಡ, ಎಣಿಸಲು ಬಂದರೆ ಸಾಕು.

ಇನ್ನು ತಲೆ ತಿಂದ ವಿಷಯಕ್ಕೆ ಬರೋಣ. ಪರೀಕ್ಷೆಗೆ ಇಟ್ಟುಕೊಂಡಿದ್ದು ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದು ಸತ್ತ ಒಂದು ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್. ಕೂಲರ್ ಬಿಚ್ಚಿ, ಪೇಸ್ಟ್ ಒರೆಸಿ, ಫೋನಿನಲ್ಲಿ ಫೋಟೋ ತೆಗೆದೆ. ಗೋಲ್ಡ್ ಫಿಂಗರ್ ಪಟ್ಟಿಯ ನಾಲ್ಕು ಮೂಲೆ ಹಿಡಿದು ಹೋಮೋಗ್ರಫಿ (ಓರೆ ಚಿತ್ರವನ್ನು ನೇರ ಮೇಲಿಂದ ನೋಡಿದ ಹಾಗೆ ಮಾಡುವ ಲೆಕ್ಕ) ಹಾಕಿ ಬೋರ್ಡನ್ನು ನೆಟ್ಟಗೆ ಮಾಡಿ, ಜಿಡಿಡಿಆರ್5 ಮೆಮೊರಿ ಚಿಪ್‌ಗಳನ್ನು ಅಳೆದೆ. ಅವು 14 ಮತ್ತು 12 ಮಿ.ಮೀ. ಬರಬೇಕು. ಫಿಂಗರ್ ಹತ್ತಿರದ ಚಿಪ್ ಪರವಾಗಿಲ್ಲ. ಬೋರ್ಡಿನ ಮೇಲಂಚಿನ ಚಿಪ್ ಮಾತ್ರ ಸೊಟ್ಟಗಾಗಿ, 12 ಇರಬೇಕಾದ್ದು 13 ದಾಟಿತ್ತು. ನನ್ನ ಕೈಯಲ್ಲೇ ಇರುವ ಕಾರ್ಡು, ನಾನೇ ತೆಗೆದ ಫೋಟೋ. ಪ್ರೋಗ್ರಾಂ ಹೇಳುತ್ತದೆ: ನಕಲಿ.

ಕಾರಣ ಆ ಪಟ್ಟಿಯ ಆಕಾರದಲ್ಲಿದೆ. ಉದ್ದ 70 ಮಿ.ಮೀ., ಎತ್ತರ ಬರೀ ನಾಲ್ಕೈದು ಮಿ.ಮೀ. ಉದ್ದದ ದಿಕ್ಕಿಗೆ ಒಳ್ಳೇ ಆಧಾರ ಸಿಗುತ್ತದೆ, ಮೇಲ್ಮುಖವಾಗಿ ಏನೂ ಇಲ್ಲ. ಮೂಲೆ ಗುರುತು ಮಾಡುವಾಗ ಒಂದು ಪಿಕ್ಸೆಲ್ ಆಚೀಚೆ ಆದರೂ ಬೋರ್ಡಿನ ಆ ತುದಿಗೆ ಹೋಗುವಷ್ಟರಲ್ಲಿ ಅದು ಉಬ್ಬಿ ಕೂತಿರುತ್ತದೆ.

ದೂರದ ತುದಿಗೆ ಇನ್ನೊಂದು ಆಧಾರ ಬೇಕಲ್ಲ, ಅದಕ್ಕೆ 8 ಪಿನ್ ಪವರ್ ಕನೆಕ್ಟರ್ ಹಿಡಿದೆ. ಅದರ ಪಿಚ್ 4.2 ಮಿ.ಮೀ., ಅದೂ ಬದಲಾಗುವುದಿಲ್ಲ. ಫೋಟೋದಲ್ಲಿ ಅಳೆದರೆ 4.5 ಬಂತು! ಕನೆಕ್ಟರನ್ನು ಬೇರೆ ಫೋಟೋದಿಂದ ತಂದು ಅಂಟಿಸಿದರೆ ಎಷ್ಟು ವ್ಯತ್ಯಾಸ ಬರುತ್ತದೋ ಅಷ್ಟು. ಲೆಕ್ಕ ಹಾಕಿ ನೋಡಿ. ಫೋನ್ ಬೋರ್ಡಿನಿಂದ 15 ಸೆಂ.ಮೀ. ದೂರ ಇತ್ತು. ಕನೆಕ್ಟರಿನ ಮೇಲ್ಭಾಗ ಬೋರ್ಡಿಗಿಂತ ಸುಮಾರು 1 ಸೆಂ.ಮೀ. ಎತ್ತರ, ಅಂದರೆ ಕ್ಯಾಮೆರಾಗೆ 14 ಸೆಂ.ಮೀ. ದೂರ. 4.2ನ್ನು 15ರಿಂದ ಗುಣಿಸಿ 14ರಿಂದ ಭಾಗಿಸಿ. ಸರಿಯಾಗಿ 4.5. ಹತ್ತಿರದಿಂದ ತೆಗೆದ ಫೋಟೋದಲ್ಲಿ ಎತ್ತರದ ಭಾಗವೆಲ್ಲ ಸುಳ್ಳು ಹೇಳುತ್ತದೆ. ಲೀಕ್ ಫೋಟೋಗಳೆಲ್ಲ ಹತ್ತಿರದಿಂದ, ಗಡಿಬಿಡಿಯಲ್ಲಿ ತೆಗೆದವೇ ಅಲ್ವಾ.

ಇದು ಸಾಲದು ಅಂತ ಲೆನ್ಸ್ ಬೇರೆ. ಫೋನಿನ ಅಗಲ ಲೆನ್ಸ್ ಅಂಚಿನ ಗೆರೆಗಳನ್ನು ಬಗ್ಗಿಸುತ್ತದೆ. ಅದನ್ನು ಸರಿ ಮಾಡುವ ಸೂತ್ರಕ್ಕೆ ಲೆನ್ಸಿನ ನಡುಬಿಂದು ಗೊತ್ತಿರಬೇಕು. ಪೂರ್ತಿ ಫೋಟೋ ಇದ್ದರೆ ಚಿತ್ರದ ನಡುವೆಯೇ ಅಂತ ಹಿಡಿಯಬಹುದು. ಮೂರು ಕಡೆ ಕ್ರಾಪ್ ಮಾಡಿ ಕೊಟ್ಟರೆ ನಡು ಎಲ್ಲಿ ಅಂತ ಹುಡುಕೋದು?

ಈ ಮಧ್ಯೆ ಕಾರ್ಡ್ ಮಾರುವವರ ಕಾಟ. ಒಂದೇ ಕಾರ್ಡಿನಲ್ಲಿ ಪರೀಕ್ಷೆ ಮಾಡಿದರೆ ಯಾರೂ ನಂಬುವುದಿಲ್ಲ ಅಂತ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇನ್ನೊಂದು ಸತ್ತ ಕಾರ್ಡ್ ಹುಡುಕಿದೆ. "ಕಂಪ್ಲೀಟ್ ಪೀಸ್ ಸಾರ್, ಡಿಸ್‌ಪ್ಲೇ ಮಾತ್ರ ಬರಲ್ಲ" ಅಂದರು. ಮನೆಗೆ ತಂದು ಕೂಲರ್ ಬಿಚ್ಚಿದರೆ ಮೂರು ಮೆಮೊರಿ ಚಿಪ್ ಇದ್ದ ಜಾಗದಲ್ಲಿ ಬರೀ ಪ್ಯಾಡ್! ಡಿಸ್‌ಪ್ಲೇ ಎಲ್ಲಿಂದ ಬರಬೇಕು? ಚಿಪ್ ಕಿತ್ತು ರಿಪೇರಿಯವರಿಗೆ ಮಾರಿ, ಅಸ್ಥಿಪಂಜರವನ್ನು ನನಗೆ ಮಾರಿದ್ದಾರೆ. ಸಾಲದ್ದಕ್ಕೆ ಗೋಲ್ಡ್ ಫಿಂಗರನ್ನು ಎರೇಸರ್ ಬಿಟ್ಟು ಮರಳು ಕಾಗದದಲ್ಲಿ ಉಜ್ಜಿದ್ದರು. ಆನ್‌ಲೈನ್‌ನಲ್ಲಿ ತರಿಸಿದ ಡಿಜಿಟಲ್ ವರ್ನಿಯರ್ ಕಥೆ ಬೇರೆ: ಆಫ್ ಮಾಡಿಟ್ಟರೂ ಬ್ಯಾಟರಿ ಕುಡಿಯುತ್ತದೆ. ಅಳೆಯುವುದಕ್ಕಿಂತ ಬಟನ್ ಸೆಲ್ ಹಾಕುವುದೇ ಕೆಲಸ.

ಆದರೆ ಆ ಅಸ್ಥಿಪಂಜರವೇ ಉಪಕಾರಕ್ಕೆ ಬಂತು. ಮೂರು ಚಿಪ್ ಇಲ್ಲದ ಬೋರ್ಡ್ ನೋಡುತ್ತಾ ಕೂತಾಗ ಕಂಡಿದ್ದು, ಉಳಿದ ಐದೂ ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಸುತ್ತ ಎಷ್ಟು ಚೆನ್ನಾಗಿ ಹರಡಿವೆ ಅನ್ನುವುದು. ನಾನು ಇಷ್ಟು ದಿನ ಗೋಲ್ಡ್ ಫಿಂಗರನ್ನು ಸ್ಕೇಲ್ ಮಾಡಿ ಚಿಪ್‌ಗಳನ್ನು ಅಳೆಯುತ್ತಿದ್ದೆ. ಅದನ್ನು ತಿರುಗಿಸಿದೆ. ಎಲ್ಲ ಮೆಮೊರಿ ಚಿಪ್‌ಗಳ ಎಲ್ಲ ಮೂಲೆಗಳನ್ನೂ ಒಟ್ಟಿಗೆ ಕೊಟ್ಟು, ಪ್ರತಿಯೊಂದೂ 14 ಮತ್ತು 12ರ ಆಯತ ಆಗುವಂಥ ಒಂದೇ ಹೋಮೋಗ್ರಫಿ ಹುಡುಕು ಅಂದೆ. ಲೆನ್ಸಿನ ಬಾಗಿಗೆ ಒಂದು ಗುಣಾಂಕ ಸೇರಿಸಿ, ನಡುಬಿಂದುವನ್ನೂ ಅದೇ ಹುಡುಕಿಕೊಳ್ಳಲಿ ಅಂತ ಬಿಟ್ಟೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿರುವ ಲೀಸ್ಟ್ ಸ್ಕ್ವೇರ್ಸ್ (ಒಟ್ಟು ತಪ್ಪು ಆದಷ್ಟು ಕಡಿಮೆ ಬರುವ ಉತ್ತರ ಹುಡುಕುವ ಲೆಕ್ಕ) ಅದನ್ನು ಆರಾಮಾಗಿ ಬಿಡಿಸುತ್ತದೆ. ಚಿಪ್‌ಗಳೂ ಬೋರ್ಡಿನಿಂದ ಸ್ವಲ್ಪ ಮೇಲೇ ಇರುತ್ತವೆ, ನಿಜ. ಆದರೆ ಒಂದು ಮಿ.ಮೀ. ಚಿಲ್ಲರೆ ಎತ್ತರಕ್ಕೆ ಬರುವ ವ್ಯತ್ಯಾಸ ಶೇಕಡಾ 1ರ ಒಳಗೆ, ಅದೂ ಎಲ್ಲ ಚಿಪ್‌ಗೂ ಹೆಚ್ಚುಕಡಿಮೆ ಒಂದೇ.

ಗೋಲ್ಡ್ ಫಿಂಗರನ್ನು ಲೆಕ್ಕದೊಳಗೆ ಸೇರಿಸಲೇ ಇಲ್ಲ. ಅದನ್ನು ಸಾಕ್ಷಿಯಾಗಿ ಹೊರಗೆ ಕೂರಿಸಿದ್ದೇನೆ. ಲೆಕ್ಕ ಮುಗಿದ ಮೇಲೆ ಅದನ್ನು ಕರೆದು, ನಿನ್ನ ಪಿಚ್ ಎಷ್ಟು ಅಂತ ಕೇಳುವುದು. ಆರ್‌ಎಕ್ಸ್ 580 ಹೇಳಿದ್ದು: 0.99. ಅಸ್ಥಿಪಂಜರ ಕೂಡ 1.01! ಬೇಕಂತಲೇ ಓರೆಯಾಗಿ ತೆಗೆದ, ಕ್ರಾಪ್ ಮಾಡಿದ, ವಾಟ್ಸಾಪ್ ದಾಟಿಸಿದ ಫೋಟೋ ಕೊಟ್ಟರೂ ಉತ್ತರ ಅಲ್ಲೇ ಸುತ್ತುತ್ತದೆ. ಆಮೇಲೆ ಒಂದು ಕಾರ್ಡಿನ ಜಿಪಿಯು ಮತ್ತು ಮೆಮೊರಿ ಭಾಗವನ್ನು ಕತ್ತರಿಸಿ ಇನ್ನೊಂದರ ಬೋರ್ಡಿಗೆ ಅಂಟಿಸಿದೆ. ಬೆಳಕು, ನೆರಳು ಎಲ್ಲ ಹೊಂದಿಸಿದ್ದೆ, ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಪಿಚ್ 1.06 ಬಂತು. ಆವತ್ತು ರಾತ್ರಿ ಊಟ ಸೇರಿದ್ದು ಹನ್ನೊಂದಕ್ಕೆ.

ಸ್ಕೇಲ್ ಸರಿಯಾದ ಮೇಲೆ ಡೈ, ಅಂದರೆ ಜಿಪಿಯು ನಡುವಿನ ಸಿಲಿಕಾನ್ ತುಂಡಿನ ಅಳತೆಯೂ ಸಿಗುತ್ತದೆ. ಆರ್‌ಎಕ್ಸ್ 580ರ ಡೈ 232 ಚದರ ಮಿ.ಮೀ., ನನಗೆ 229 ಬಂತು. ಇಷ್ಟು ಸಾಕು, ಇದಕ್ಕಿಂತ ನಿಖರ ಬೇಕಾದವರು ಮೈಕ್ರೋಸ್ಕೋಪ್ ತಗೊಳ್ಳಲಿ.

ಈಗ ತಲೆ ಸಿಪಿಯು ಕಡೆ ಓಡಿದೆ. ಅದು ಇದಕ್ಕಿಂತ ಸಲೀಸು ಅನ್ನಿಸುತ್ತದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನದಾದರೆ 37.5 ಮತ್ತು 45 ಮಿ.ಮೀ., ಎಎಂಡಿಯ ಎಎಂ5 ಆದರೆ 40ಕ್ಕೆ 40. ನಾಲ್ಕು ಮೂಲೆಯೂ ಕಣ್ಣೆದುರಿಗೆ. ಸಿಪಿಯು ಲೀಕ್‌ನಲ್ಲಿ ಕಳ್ಳಾಟ ನಡೆಯುವುದು ಮುಚ್ಚಳದ ಮೇಲಿನ ಅಕ್ಷರಗಳಲ್ಲಿ. ಇಂಟೆಲ್‌ನ ಪರೀಕ್ಷಾ ಚಿಪ್‌ಗಳಲ್ಲಿ ಕ್ಯೂ ಇಂದ ಶುರುವಾಗುವ ನಾಲ್ಕಕ್ಷರದ ಕೋಡ್ ಇರುತ್ತದೆ, ಅಂಗಡಿಗೆ ಬರುವವುಗಳಲ್ಲಿ ಎಸ್. ಮಾಡೆಲ್ ನಂಬರ್ ಮಾತ್ರ ಅಳಿಸಿ ಬೇರೆ ಬರೆದರೆ, ಚಿತ್ರವನ್ನು ನೆಟ್ಟಗೆ ಮಾಡಿದಾಗ ಆ ಸಾಲು ಉಳಿದ ಸಾಲುಗಳಿಗೆ ಸಮಾನಾಂತರವಾಗಿ ಕೂರಲಿಕ್ಕಿಲ್ಲ. ಇನ್ನೂ ಬರೀ ಊಹೆ, ಕೂತು ಮಾಡಬೇಕು.

ಜೊತೆಗೆ ತಾರೀಖಿನ ಕೋಡ್ ಓದುವ ಒಂದು ತುಂಡು ಪ್ರೋಗ್ರಾಂ ಕೂಡ. 2016ರ ಜನವರಿಯಲ್ಲಿ ಸಿಇಎಸ್ ಮೇಳದಲ್ಲಿ ಎನ್ವಿಡಿಯಾ ತೋರಿಸಿದ, ಕಾರಿಗೆ ಹಾಕುವ ಕಂಪ್ಯೂಟರ್ ಡ್ರೈವ್ ಪಿಎಕ್ಸ್ 2 ನೆನಪಿದೆಯಾ? ಹೊಸ ಪಾಸ್ಕಲ್ ಪೀಳಿಗೆಯ ಜಿಪಿಯು ಇರಬೇಕಾದ ಜಾಗದ ಚಿಪ್ ಮೇಲೆ 1503 ಅಂತಿತ್ತು, ಅಂದರೆ 2015ರ 3ನೇ ವಾರ. ನೋಡಲು ಹಳೇ ಮ್ಯಾಕ್ಸ್‌ವೆಲ್ ಪೀಳಿಗೆಯ ಜಿಟಿಎಕ್ಸ್ 980ಎಂ ಮಾಡ್ಯೂಲ್ ಇದ್ದ ಹಾಗಿದೆ ಅಂತ ಹಾರ್ಡ್‌ವೇರ್ ಬರಹಗಾರರು ಹಿಡಿದರು. ಅಲ್ಲೂ ಫೋಟೋ ಪಕ್ಕಾ ಅಸಲಿ.

ಸ್ಕೇಲ್ ಎಲ್ಲಿ ಕೈ ಕೊಡುತ್ತದೆ ಅಂತಲೂ ಹೇಳಬೇಕು. ಬರೀ ಕೂಲರ್ ಕಾಣುವ ಫೋಟೋ ಆದರೆ ಅಳೆಯಲು ಚಿಪ್ಪೂ ಇಲ್ಲ, ಫಿಂಗರೂ ಇಲ್ಲ. 2020ರ ಜೂನ್‌ನಲ್ಲಿ ಆರ್‌ಟಿಎಕ್ಸ್ 3080 ಕೂಲರ್ ಫೋಟೋ ಬಂದಾಗ ಎರಡೂ ಬದಿಗೆ ಫ್ಯಾನ್ ನೋಡಿ ಎಷ್ಟೋ ಜನ ನಕ್ಕು ಸುಳ್ಳು ಅಂದರು. ಸೆಪ್ಟೆಂಬರ್ 1ರಂದು ಎನ್ವಿಡಿಯಾ ಅದೇ ಕಾರ್ಡನ್ನು ಎಲ್ಲರೆದುರು ತೋರಿಸಿತು. ಅಂಥ ಕಡೆ ಕಾರ್ಡನ್ನು ಕೇಸಿಗೆ ಬಿಗಿಯುವ ಬ್ರಾಕೆಟ್ ಕಂಡರೆ ಸ್ಲಾಟಿಂದ ಸ್ಲಾಟಿಗೆ 20.32 ಮಿ.ಮೀ. ಅನ್ನುವುದೊಂದೇ ಗತಿ. ಜಿಪಿಯು ಪಕ್ಕದಲ್ಲಿ ಒಂದೇ ಪ್ಯಾಕೇಜಿನೊಳಗೆ ಕೂರುವ ಎಚ್‌ಬಿಎಂ ಮೆಮೊರಿ ಇರುವ ಕಾರ್ಡ್ ಬಂದರಂತೂ ಬೋರ್ಡ್ ಮೇಲೆ ಮೆಮೊರಿ ಚಿಪ್ಪೇ ಇಲ್ಲ.

ಬೋರ್ಡಿನ ಹಿಂಬದಿಗೂ ಇದೇ ತೊಂದರೆ. ಆರ್‌ಟಿಎಕ್ಸ್ 3090 ಥರ ಹಿಂದೆಯೂ 12 ಚಿಪ್ ಕೂರಿಸಿದರೆ ಸರಿ, ಉಳಿದವುಗಳಲ್ಲಿ ಬರೀ ಬೆಸುಗೆ ಚುಕ್ಕೆ. ಆದರೆ ಪವರ್ ಕನೆಕ್ಟರಿನ ಆ ಚುಕ್ಕೆಗಳು ಬೋರ್ಡಿನ ಮಟ್ಟದಲ್ಲೇ ಇವೆ, ಎತ್ತರದ ಕಾಟ ಇಲ್ಲ. ಅವುಗಳ ಪಿಚ್ಚೂ 4.2. ಅವನ್ನೂ ಕೂಲರ್ ಸ್ಕ್ರೂ ತೂತುಗಳನ್ನೂ ಸೇರಿಸಿ ಏನಾದರೂ ಆಗುತ್ತದಾ ಅಂತ ಮುಂದಿನ ವಾರ ನೋಡುತ್ತೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ 12 ವಿಎಚ್‌ಪಿಡಬ್ಲ್ಯೂಆರ್ ಅನ್ನುವ ಹೊಸ ಬಗೆಯ ಪವರ್ ಕನೆಕ್ಟರ್ ಇರುವ ಸತ್ತ ಕಾರ್ಡ್ ಇದ್ದರೆ, ಹಿಂಬದಿಯ ಫೋಟೋ ಒಂದು ತೆಗೆದು ಕೊಡಿ. ಅದರ ಪಿಚ್ 3 ಮಿ.ಮೀ., ಚುಕ್ಕೆಗಳು ಸಣ್ಣ. ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಡಿ, ಕ್ರಾಪ್ ಮಾಡಬೇಡಿ. ಚಿಪ್ ಕಿತ್ತಿದ್ದರೂ ಪರವಾಗಿಲ್ಲ, ಮರಳು ಕಾಗದ ಮಾತ್ರ ಮುಟ್ಟಿಸಬೇಡಿ.