ಅಂಡಮಾನಿಗೆ ಹೋದ್ರೆ ಒಂದ್ಸಲ ಆದ್ರೂ ಸರ್ಕಾರಿ ಹಡಗು ಹತ್ತಿ

ಅಂಡಮಾನಿಗೆ ಹೋಗಿಬಂದವ್ರೆಲ್ಲಾ ರಾಧಾನಗರ ಬೀಚು, ಸ್ಕೂಬಾ, ಸೆಲ್ಯುಲಾರ್ ಜೈಲು ಇದರ ಬಗ್ಗೆನೇ ಬರೀತಾರೆ, ಬರೀಲಿ, ಬೇಡ ಅನ್ನಲ್ಲ. ನಂಗೆ ಮಾತ್ರ ಅಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಒಂದು ದ್ವೀಪದಿಂದ ಇನ್ನೊಂದಕ್ಕೆ ಜನ ತುಂಬ್ಕೊಂಡು ಹೋಗೋ ಆ ಸರ್ಕಾರಿ ಹಡಗು. ಇದನ್ನ ಹೇಳಿದ್ರೆ ನಮ್ ಭಾವ ಈಗ್ಲೂ ನಗ್ತಾರೆ, ಅಷ್ಟು ದುಡ್ಡು ಖರ್ಚು ಮಾಡ್ಕೊಂಡು ಹೋಗಿ ನೀನು ನೋಡಿದ್ದು ಬಸ್ಸನ್ನಾ ಅಂತ. ಹೌದು ಭಾವ, ಬಸ್ಸನ್ನೇ. ಯಾಕಂದ್ರೆ ಅಲ್ಲಿನ ಜನಕ್ಕೆ ಅದು ನಿಜವಾಗ್ಲೂ ಬಸ್ಸೇ, ಸ್ಕೂಲ್ ಮೇಷ್ಟ್ರು, ಪೊಲೀಸು, ಕೋಳಿ ಬುಟ್ಟಿ, ಗ್ಯಾಸ್ ಸ್ಟವ್ವು, ಆಸ್ಪತ್ರೆಗೆ ಹೊರಟ ಅಜ್ಜಿ ಎಲ್ಲಾ ಅದರಲ್ಲೇ.

ಮೊದ್ಲು ಜಾಗದ ಲೆಕ್ಕ ಹೇಳ್ಬಿಡ್ತೀನಿ, ಗೊತ್ತಿರೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಅಂಡಮಾನ್ ನಿಕೋಬಾರ್ ಅಂದ್ರೆ ದ್ವೀಪ, ನಡುಗಡ್ಡೆ, ಬರೀ ಬಂಡೆ ಎಲ್ಲಾ ಸೇರಿ 836, ಅದರಲ್ಲಿ ಜನ ವಾಸ ಮಾಡೋದು ಮೂವತ್ತು ಚಿಲ್ಲರೆಯಲ್ಲಿ ಮಾತ್ರ. ನಾವು ಹೋಗೋ ಹ್ಯಾವ್ಲಾಕು, ನೀಲ್ ಎರಡೂ ಪೋರ್ಟ್ ಬ್ಲೇರಿನ ಈಶಾನ್ಯಕ್ಕಿರೋ ರಿಚೀಸ್ ಆರ್ಕಿಪೆಲಾಗೋ ಅನ್ನೋ ಗುಂಪಿನವು. ಬ್ರಿಟಿಷರು ಈ ಗುಂಪಿನ ದ್ವೀಪಗಳಿಗೆ 1857ರ ದಂಗೆ ಅಡಗಿಸಿದ ತಮ್ಮ ಸೇನಾಧಿಕಾರಿಗಳ ಹೆಸ್ರು ಇಟ್ಟಿದ್ದು, ಹ್ಯಾವ್ಲಾಕ್, ನೀಲ್, ಔಟ್ರಮ್, ನಿಕೋಲ್ಸನ್, ಲಾರೆನ್ಸ್ ಅಂತ. ಅದೇ ದಂಗೆಯಲ್ಲಿ ಸಿಕ್ಕಿಬಿದ್ದ ನಮ್ಮೋರನ್ನ 1858ರಲ್ಲಿ ಹಡಗಲ್ಲಿ ತುಂಬಿ ಇಲ್ಲಿಗೇ ತಂದು ಹಾಕಿದ್ರು, ಅಂದ್ರೆ ಕೈದಿಗಳು ಇಲ್ಲಿ, ಅವರನ್ನ ಹಿಡಿದವ್ರ ಹೆಸ್ರು ಪಕ್ಕದ ದ್ವೀಪಕ್ಕೆ, ಎಂಥಾ ಧಿಮಾಕು ನೋಡಿ. 2018ರ ಡಿಸೆಂಬರ್ 30ಕ್ಕೆ ಹ್ಯಾವ್ಲಾಕು ಸ್ವರಾಜ್ ದ್ವೀಪ ಆಯ್ತು, ನೀಲ್ ಶಹೀದ್ ದ್ವೀಪ ಆಯ್ತು, 2024ರಲ್ಲಿ ಪೋರ್ಟ್ ಬ್ಲೇರೂ ಶ್ರೀ ವಿಜಯ ಪುರಂ ಆಯ್ತು. ಬೋರ್ಡ್ ಮೇಲೆ ಹೊಸ ಹೆಸ್ರು, ಜನರ ಬಾಯಲ್ಲಿ ಇನ್ನೂ ಹಳೇದೇ, ಆದ್ರಿಂದ ನಾನೂ ಇಲ್ಲಿ ಕಲಸುಮೇಲೋಗರ ಮಾಡ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ.

ಹಡಗಲ್ಲಿ ಎರಡು ಥರ. ಒಂದು ಖಾಸಗಿ ಕ್ಯಾಟಮರಾನು, ಎಸಿ, ವಿಮಾನದ ಥರ ಸಾಲು ಸೀಟು, ಹ್ಯಾವ್ಲಾಕಿಗೆ ಹೆಚ್ಚೂಕಮ್ಮಿ ಒಂದೂವರೆ ಗಂಟೆ, ಟಿಕೆಟ್ ಸಾವಿರದ ಮೇಲೆ. ಇನ್ನೊಂದು ಅಂಡಮಾನ್ ಆಡಳಿತದ ಶಿಪ್ಪಿಂಗ್ ಇಲಾಖೆ ಓಡಿಸೋ ಹಡಗು, ಅದು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತೆ, ಎರಡೂವರೆ ಗಂಟೆ ಆಗುತ್ತೆ, ಖಾಸಗಿಗಿಂತ ಸಾಕಷ್ಟು ಅಗ್ಗ. ಟೂರ್ ಪ್ಯಾಕೇಜ್ ತಗೊಂಡ್ರೆ ನಿಮ್ಮನ್ನ ಕೇಳ್ದೇನೇ ಕ್ಯಾಟಮರಾನಿಗೆ ಹಾಕಿರ್ತಾರೆ, ಕಾರಣ ಇದೆ, ಅದರ ಟಿಕೆಟ್ ಬಹಳ ಮುಂಚೇನೇ ಬುಕ್ ಮಾಡ್ಬೋದು. ಸರ್ಕಾರಿದು ಹೊರಡೋಕೆ ಕೆಲವೇ ದಿನ ಇರೋವಾಗ ಓಪನ್ ಆಗುತ್ತೆ, ದ್ವೀಪದವ್ರಿಗೆ ಐಲ್ಯಾಂಡರ್ ಕಾರ್ಡ್ ಅಂತ ಇರುತ್ತೆ, ಅವ್ರಿಗೆ ದರಾನೂ ಕಮ್ಮಿ ಸೀಟಲ್ಲೂ ಆದ್ಯತೆ. ಟೂರಿಸ್ಟ್‌ಗಳು ಇದಕ್ಕೆ ಗೊಣಗ್ತಾರೆ. ಗೊಣಗೋದು ತಪ್ಪು ಅಂತ ನನ್ ಅಭಿಪ್ರಾಯ, ನಾವು ಬೀಚ್ ನೋಡೋಕೆ ಬಂದಿರೋರು, ಅವ್ರು ಹಲ್ಲು ಕೀಳಿಸ್ಕೊಂಡು ವಾಪಸ್ ಮನೆಗೆ ಹೋಗ್ತಿರೋರು.

ಹೋಗೋವಾಗ ನಾವು ಕ್ಯಾಟಮರಾನಲ್ಲೇ ಹೋದ್ವಿ, ಭಾವನ ಹಠ. ಯಾವ ಕಂಪನಿ ಅಂತ ಬರಿಯಲ್ಲ, ಎಲ್ಲಾ ಒಂದೇ ಥರ. ಬಂದರಿನ ಒಳಗೆ ಚೆನ್ನಾಗಿತ್ತು, ಆಚೆ ತೆರೆದ ಸಮುದ್ರಕ್ಕೆ ಬಿದ್ದ ಮೇಲೆ ಶುರುವಾಯ್ತು ಕುಣಿತ. ಕ್ಯಾಟಮರಾನಿಗೆ ಕೆಳಗೆ ಎರಡು ತೆಳ್ಳನೆ ಒಡಲು ಇರುತ್ತೆ, ಹಗುರ, ಸ್ಪೀಡು, ಸಮುದ್ರ ಶಾಂತವಾಗಿದ್ರೆ ಬೆಣ್ಣೆಯಂಗೆ ಹೋಗುತ್ತೆ, ಆದ್ರೆ ಅಲೆ ಎದ್ದಿದ್ರೆ ಪಟಪಟ ಅಂತ ಚುರುಕಾಗಿ ಅಲ್ಲಾಡ್ಸುತ್ತೆ, ಒಂದೇ ಒಡಲಿನ ದೊಡ್ಡ ಹಡಗಿನ ಥರ ನಿಧಾನಕ್ಕೆ ತೂಗಲ್ಲ. ಅದ್ರ ಮೇಲೆ ಎದ್ದು ಓಡಾಡೋ ಹಾಗಿಲ್ಲ, ಡೆಕ್ಕಿಗೆ ಬಿಡಲ್ಲ, ಕಿಟಕಿ ತುಂಬಾ ಉಪ್ಪುನೀರು ಹೊಡೆದು ಮಸುಕು, ಆಚೆ ಏನೂ ಕಾಣಲ್ಲ. ವಾಂತಿ ಬರೋದೇ ಹೀಗೆ, ಕಿವಿ ಒಳಗಿನ ಸಮತೋಲನದ ಅಂಗ ಮೈ ಅಲ್ಲಾಡ್ತಿದೆ ಅನ್ನುತ್ತೆ, ಕಣ್ಣು ಎದುರುಗಡೆ ಸೀಟು ನೋಡ್ತಾ ಏನೂ ಅಲ್ಲಾಡ್ತಿಲ್ಲ ಅನ್ನುತ್ತೆ, ಮಿದುಳು ಯಾರನ್ನ ನಂಬ್ಬೇಕೋ ಗೊತ್ತಾಗ್ದೆ ಹೊಟ್ಟೆ ಮೇಲೆ ಸಿಟ್ಟು ತೀರಿಸ್ಕೊಳ್ಳುತ್ತೆ. ಸಿಬ್ಬಂದಿ ಕವರ್ ಹಂಚ್ಕೊಂಡು ಬಂದ್ರು, ಭಾವ ನಂಗೇನು ಬೇಡ ಅಂತ ಗತ್ತಿನಲ್ಲಿ ವಾಪಸ್ ಕೊಟ್ರು, ಐದ್ ನಿಮಿಷಕ್ಕೆ ಅಕ್ಕನ ಕೈಯಿಂದ ಕಿತ್ಕೊಂಡ್ರು. ಅಕ್ಕ ಅವ್ರ ಬೆನ್ನು ಸವರ್ತಾ "ರೀ, ಗಟ್ಟಿಗರು ನೀವು, ಏನೂ ಆಗಲ್ಲ" ಅಂದ್ಲು, ಅಷ್ಟು ಗಂಭೀರವಾದ ಮುಖದಲ್ಲಿ ಹೇಗೆ ಹೇಳಿದ್ಲೋ.

ಹ್ಯಾವ್ಲಾಕಿನ ಬಗ್ಗೆ ಎಲ್ಲಾರೂ ಬರೆದಿದ್ದಾರೆ ಬಿಡಿ. ಒಂದೇ ಮಾತು, ಅಲ್ಲಿ ಬೀಚಿಗೆ, ಊರಿಗೆ ನಂಬರ್ ಹೇಳ್ತಾರೆ, ಮೂರನೇ ನಂಬರು ಗೋವಿಂದನಗರ, ಐದು ವಿಜಯನಗರ, ಏಳು ರಾಧಾನಗರ. ದೇಶ ವಿಭಜನೆ ಆದ್ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಇಲ್ಲಿ ಕಾಡು ಕಡಿದು ಜಮೀನು ಕೊಟ್ಟಿದ್ದು, ಅವ್ರು ಇಲ್ಲಿ ಕೃಷ್ಣ ರಾಧೆ ಹೆಸರಿಟ್ರು, ಪಕ್ಕದ ನೀಲಲ್ಲಿ ಪೂರ್ತಿ ರಾಮಾಯಣನೇ ಇದೆ, ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ. ಸೀತಾಪುರದಲ್ಲಿ ಸೂರ್ಯೋದಯ, ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ. ನೀಲ್ ಪೂರ್ತಿ ತರಕಾರಿ ದ್ವೀಪ, ಚಿಕ್ಕದು, ಸೈಕಲ್ಲಲ್ಲೇ ಸುತ್ಬೋದು, ಹ್ಯಾವ್ಲಾಕಿಗಿಂತ ನಂಗೆ ಇದೇ ಇಷ್ಟ, ಅಲ್ಲೇ ಒಂದು ರಾತ್ರಿ ಜಾಸ್ತಿ ಇಟ್ಕೊಳ್ಳಿ.

ಸರಿ, ವಿಷಯಕ್ಕೆ ಬರ್ತೀನಿ. ನೀಲಿಂದ ವಾಪಸ್ ಬರೋವಾಗ ಸರ್ಕಾರಿ ಹಡಗು. ಜೆಟ್ಟಿಯಲ್ಲಿ ಹಡಗು ಬರೋಕೆ ಮುಂಚೇನೇ ಅರ್ಧ ಊರು ಸೇರಿತ್ತು. ಬದನೆಕಾಯಿ ಮೂಟೆ, ಎಳನೀರು ಗೊಂಚಲು, ಒಂದು ಹಳೇ ಫ್ರಿಜ್ಜು, ಬಟ್ಟೆಯಲ್ಲಿ ಬಾಯಿ ಕಟ್ಟಿದ ಬಕೆಟ್ಟು, ಅದರೊಳಗೆ ಏನೋ ಚಟಪಟ ಅಂತಿತ್ತು, ಕೇಳ್ಬಾರ್ದು ಅಂತ ಸುಮ್ನಾದೆ. ಹಡಗು ದಡಕ್ಕೆ ತಾಗಿದ್ದೇ ತಡ ಇಳಿಯೋರು ಹತ್ತೋರು ಒಂದೇ ಹಲಗೆ ಮೇಲೆ, ಮಧ್ಯೆ ಒಬ್ಬ ಸಿಬ್ಬಂದಿ ಹಿಂದೀಲಿ ಕೂಗ್ತಾ ಇದ್ದ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಲ್ಲಿ ಬಂಗಾಳಿ, ತಮಿಳು, ತೆಲುಗು, ಛೋಟಾನಾಗಪುರದಿಂದ ಬಂದ ಆದಿವಾಸಿಗಳು, ಕೇರಳದವ್ರು ಎಲ್ಲಾ ಇದ್ದಾರೆ, ಆದ್ರೆ ಒಬ್ರಿಗೊಬ್ರು ಮಾತಾಡೋದು ಹಿಂದಿ, ಅದೂ ವ್ಯಾಕರಣದ ಹಂಗಿಲ್ಲದ ಆರಾಮದ ಹಿಂದಿ, ನನ್ನ ಹಿಂದಿ ಅಲ್ಲಿ ಮೊದಲನೇ ಸಲ ಸುಸಂಸ್ಕೃತ ಅನ್ನಿಸ್ತು.

ಕೆಳಗೆ ಸೀಟಿತ್ತು, ಹತ್ತೇ ನಿಮಿಷ ಕೂತು ಮೇಲೆ ಡೆಕ್ಕಿಗೆ ಬಂದ್ವಿ. ಅಲ್ಲಿಂದ ಮುಂದೆ ಯಾರೂ ಕೆಳಗೆ ಇಳೀಲಿಲ್ಲ, ಭಾವನೂ. ಗಾಳಿ, ಕಣ್ಣಿಗೆ ದಿಗಂತ, ನಿಧಾನಕ್ಕೆ ತೂಗೋ ಹಡಗು, ಹೊಟ್ಟೆಗೆ ಏನೂ ಆಗಲಿಲ್ಲ, ಅಷ್ಟೇ ಅಲ್ಲ ಕ್ಯಾಂಟೀನಿಂದ ಚಹಾ ತರಿಸ್ಕೊಂಡು ಎರಡು ಸಮೋಸಾ ತಿಂದ್ರು. ಹಡಗಿನ ಮೂತಿ ಕಡೆಯಿಂದ ಹಾರೋ ಮೀನು ಎದ್ದು ನೀರಿನ ಮೇಲೇ ಸುಯ್ ಅಂತ ಹೋಗಿ ಎಲ್ಲೋ ದೂರ ಬೀಳ್ತಿದ್ವು, ನಾನು ಮೊದಲು ಅದು ಹಕ್ಕಿ ಅಂದ್ಕೊಂಡಿದ್ದೆ. ಅದೇ ಕ್ಯಾಟಮರಾನಲ್ಲಿ ಈ ಹೊತ್ತಿಗೆ ಟಿವಿಯಲ್ಲಿ ಯಾವ್ದೋ ಹಾಡು ಬರ್ತಿತ್ತು, ಅಷ್ಟೇ ನೆನಪು.

ಪಕ್ಕದಲ್ಲಿ ಒಬ್ರು ವಯಸ್ಸಾದ ಬಂಗಾಳಿ ಹೆಂಗಸು ಮಗನ ಜೊತೆ ಕೂತಿದ್ರು, ಕಣ್ಣಿನ ಆಪರೇಷನ್ನಿಗೆ ಊರಿಗೆ ಹೊರಟಿದ್ರು. ದೊಡ್ಡ ಆಸ್ಪತ್ರೆ ಅಂದ್ರೆ ಪೋರ್ಟ್ ಬ್ಲೇರಿಗೇ ಬರ್ಬೇಕು. ಅಕ್ಕ ಅವ್ರನ್ನ "ಮಾಸಿ, ಹಡಗಂದ್ರೆ ಭಯ ಆಗಲ್ವಾ" ಅಂತ ಕೇಳಿದ್ಲು. ಅವ್ರು ನಕ್ಕು, ಹಡಗಿಗೆ ಏನ್ ಭಯ ಬೇಟಿ, ಹಡಗು ಬರ್ದೇ ಇರೋ ದಿನಕ್ಕೆ ಭಯ ಅಂದ್ರು. ಇದು ನಮ್ ಥರ ಟೂರಿಸ್ಟ್ ತಲೇಲಿ ಹೊಳೆಯೋ ಮಾತಲ್ಲ. ಮೇನಿಂದ ಸೆಪ್ಟೆಂಬರ್ ತನಕ ನೈಋತ್ಯ ಮಳೆ, ಅದು ಮುಗಿಯೋ ಹೊತ್ತಿಗೆ ಈಶಾನ್ಯ ಮಾರುತ, ಮಧ್ಯೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದ್ರೆ ಹಡಗು ಬಂದ್. ಹಡಗು ಬಂದ್ ಆದ್ರೆ ಅಂಗಡಿಗೆ ಸಾಮಾನಿಲ್ಲ, ನೀಲಿನ ತರಕಾರಿ ಅಲ್ಲೇ ಬಾಡುತ್ತೆ, ಪರೀಕ್ಷೆಗೆ ಹೋಗ್ಬೇಕಾದ ಹುಡುಗ್ರು ದಡದಲ್ಲಿ. ನಮ್ಗೆ ಆವಾಗ ಆಗೋದು ಏನು, ವಿಮಾನ ತಪ್ಪುತ್ತೆ. ಆದ್ರಿಂದ ದಯವಿಟ್ಟು ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಲ್ಲೇ ಇರಿ, ಅದೇ ದಿನ ಬೆಳಿಗ್ಗೆ ಹ್ಯಾವ್ಲಾಕಿಂದ ಬಂದು ಮಧ್ಯಾಹ್ನ ವಿಮಾನ ಅಂತೆಲ್ಲಾ ಪ್ಲಾನ್ ಮಾಡ್ಬೇಡಿ.

ಇನ್ನೊಂದು, ಕತ್ತಲು. ಅಂಡಮಾನ್ ಇರೋದು ಸುಮಾರು 92.7 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನಮ್ ದೇಶದ ಗಡಿಯಾರ ನಡೆಯೋದು 82.5 ಡಿಗ್ರಿ ಲೆಕ್ಕದಲ್ಲಿ, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಸೂರ್ಯ ಗಡಿಯಾರಕ್ಕಿಂತ ನಲವತ್ತು ನಿಮಿಷ ಮುಂದಿರ್ತಾನೆ. ಡಿಸೆಂಬರಲ್ಲಿ ಸಂಜೆ ಐದಕ್ಕೆಲ್ಲಾ ಮುಳುಗಿ ಮುಗೀತು. ಅದಕ್ಕೇ ಮೊದಲ ಹಡಗು ಬೆಳಗ್ಗೆ ಬೆಳಗ್ಗೆನೇ ಹೊರಡುತ್ತೆ, ಮಧ್ಯಾಹ್ನ ಕಳೆದ್ರೆ ದ್ವೀಪದಿಂದ ದ್ವೀಪಕ್ಕೆ ಹೋಗೋ ಆಸೆ ಬಿಡಿ. ತಡವಾಗಿ ಏಳೋ ಅಭ್ಯಾಸ ಇರೋರಿಗೆ ಈ ಊರು ಕಷ್ಟ.

ಬಂದರು ಹತ್ರ ಬರೋವಾಗ ಡೆಕ್ಕಿಂದ ಏನೇನು ಕಾಣುತ್ತೆ ಅಂದ್ರೆ, ಒಂದು ಕಡೆ ನಾರ್ತ್ ಬೇ ಲೈಟ್‌ಹೌಸು, ಹಳೇ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂದೆ ತೆಂಗಿನಮರ, ಸಮುದ್ರ ಇತ್ತಲ್ಲ, ಅದು ಇದೇ ಜಾಗದ ಚಿತ್ರ. ಇನ್ನೊಂದು ಕಡೆ ರಾಸ್ ದ್ವೀಪ, ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ, ಬ್ರಿಟಿಷರ ಕಚೇರಿ, ಚರ್ಚು, ಬಾಲ್‌ರೂಮು ಎಲ್ಲಾ ಇದ್ದಿದ್ದು, 1941ರ ಭೂಕಂಪಕ್ಕೆ ಬಿರುಕು ಬಿಟ್ಟು ಮರುವರ್ಷ ಜಪಾನಿನವ್ರು ಬಂದು ಈಗ ಗೋಡೆ ತುಂಬಾ ಮರದ ಬೇರು, ಜಿಂಕೆ ಓಡಾಡ್ತವೆ. ಹಡಗಿಂದ ಪುಕ್ಕಟೆ ನೋಡಿದ್ದಾಯ್ತು.

ಪುರುಸೊತ್ತಿದ್ರೆ ಹ್ಯಾವ್ಲಾಕಿಗೇ ನಿಲ್ಲಿಸ್ಬೇಡಿ. ಕೆಲವು ಸರ್ಕಾರಿ ಹಡಗು ಅಲ್ಲಿಂದ ಮುಂದೆ ಲಾಂಗ್ ಐಲ್ಯಾಂಡು, ರಂಗತ್ ತನಕ ಹೋಗ್ತವೆ, ಟೈಮ್‌ಟೇಬಲ್ ಆಗಾಗ ಬದಲಾಗುತ್ತೆ, ಜೆಟ್ಟಿ ಕೌಂಟರಲ್ಲೇ ಕೇಳೋದು ವಾಸಿ. ಉತ್ತರಕ್ಕೆ ರಸ್ತೆನೂ ಇದೆ, ಅಂಡಮಾನ್ ಟ್ರಂಕ್ ರೋಡು, ಆದ್ರೆ ಅದು ಜಾರವಾ ಅನ್ನೋ ಬುಡಕಟ್ಟು ಜನರ ಮೀಸಲು ಕಾಡಿನ ಒಳಗಿಂದ ಹೋಗುತ್ತೆ, ಗಾಡಿಗಳನ್ನ ಗುಂಪು ಕಟ್ಟಿ ಬೆಂಗಾವಲಲ್ಲಿ ಬಿಡ್ತಾರೆ, ನಿಲ್ಲಿಸೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ. 2002ರಲ್ಲೇ ಸುಪ್ರೀಂ ಕೋರ್ಟು ಆ ಭಾಗದ ರಸ್ತೆ ಮುಚ್ಚಿ ಅಂತ ಹೇಳಿತ್ತು, ಗಾಡಿ ಇವತ್ತಿಗೂ ಓಡ್ತಿವೆ. ಅವ್ರ ಮನೆ ಮಧ್ಯೆ ಗಾಜು ಏರಿಸ್ಕೊಂಡು ಹೋಗಿ ಕದ್ದು ಇಣುಕೋದು ನಂಗಂತೂ ಮನಸ್ಸಿಗೆ ಬರಲಿಲ್ಲ, ಹಡಗು ಇರೋವಾಗ ಯಾಕೆ ಬೇಕು. ರಂಗತ್ ಹತ್ರ ಏರಾಟಾ ಜೆಟ್ಟಿಯಿಂದ ಲಾಂಗ್ ಐಲ್ಯಾಂಡಿಗೆ ಚಿಕ್ಕ ಬೋಟೂ ಇದೆ, ಮ್ಯಾಂಗ್ರೋವ್ ಕಾಡಿನ ನಡುವಿನ ಹಿನ್ನೀರಲ್ಲಿ ಹೋಗುತ್ತೆ. ಅಲ್ಲಿಗೆ ಹೋಗೋ ಟೂರಿಸ್ಟ್ ಕಮ್ಮಿ, ಲಾಲಾಜಿ ಬೇ ಬೀಚು ಹೆಚ್ಚೂಕಮ್ಮಿ ಖಾಲಿ. ನಿಕೋಬಾರ್ ಕಡೆ ಮಾತ್ರ ಸುಮ್ನೆ ಟಿಕೆಟ್ ತಗೊಂಡು ಹೋಗೋಕಾಗಲ್ಲ, ಹೆಚ್ಚಿನ ಭಾಗ ಬುಡಕಟ್ಟು ಮೀಸಲು ಪ್ರದೇಶ, ಅಲ್ಲಿಗೆ ಪಾಸ್ ಬೇಕು, ಟೂರಿಸ್ಟ್‌ಗೆ ಕೊಡೋದಿಲ್ಲ.

ಟಿಕೆಟಿಗೆ ಗುರುತಿನ ಚೀಟಿ ಬೇಕೇ ಬೇಕು, ಹತ್ತೋವಾಗ ಒರಿಜಿನಲ್ ಕೇಳ್ತಾರೆ. ಆನ್‌ಲೈನಲ್ಲೂ ಸಿಗುತ್ತೆ, 2020ರಲ್ಲಿ ಚೆನ್ನೈಯಿಂದ ಸಮುದ್ರದ ತಳದಲ್ಲಿ ಕೇಬಲ್ ಬಂದ್ಮೇಲೆ ನೆಟ್ ಪರವಾಗಿಲ್ಲ, ಅದಕ್ಕೆ ಮುಂಚೆ ಪೂರ್ತಿ ಸ್ಯಾಟಲೈಟ್ ನಂಬ್ಕೊಂಡಿದ್ರಂತೆ, ನಡುಸಮುದ್ರದಲ್ಲಿ ಮಾತ್ರ ಈಗ್ಲೂ ಏನೂ ಬರಲ್ಲ. ಹೊಟ್ಟೆ ನಾಜೂಕಾಗಿರೋರು ಡಾಕ್ಟ್ರನ್ನ ಕೇಳಿ ವಾಂತಿ ಮಾತ್ರೆ ಹತ್ತೋಕೆ ಅರ್ಧ ಗಂಟೆ ಮುಂಚೇನೇ ತಗೊಳ್ಳಿ, ಶುರುವಾದ್ಮೇಲೆ ನುಂಗಿ ಪ್ರಯೋಜನ ಇಲ್ಲ, ಹಡಗಿನ ನಡುಮಧ್ಯ ಕೂತ್ಕೊಳ್ಳಿ, ಮೊಬೈಲ್ ಒಳಗಿಡಿ. ಚಿಕ್ಕ ಮಕ್ಳಿದ್ದು ಟೈಮೂ ಕಮ್ಮಿ ಇದ್ರೆ ಕ್ಯಾಟಮರಾನೇ ಸರಿ, ನಾನೇನು ಜಗಳಕ್ಕೆ ಬರಲ್ಲ. ಸರ್ಕಾರಿ ಹಡಗಿನ ಟಾಯ್ಲೆಟ್ ಬಗ್ಗೆ ನಾನು ಏನೂ ಬರೆದಿಲ್ಲ ಅನ್ನೋದನ್ನೂ ಗಮನಿಸಿ.

ಮುಂದಿನ ಸಲ ಲಿಟಲ್ ಅಂಡಮಾನಿನ ಹಟ್ ಬೇಗೆ ಹೋಗ್ಬೇಕು ಅಂತಿದೆ, ದಕ್ಷಿಣಕ್ಕೆ ನೂರು ಕಿಲೋಮೀಟರ್ ಮೇಲೆ, ಹಡಗಲ್ಲಿ ಅರ್ಧ ದಿನದ ಮಾತು. ಅಕ್ಕ ಈಗ್ಲೇ ರೆಡಿ. ಭಾವ ಮಾತ್ರ ಅಲ್ಲಿಗೆ ಹೆಲಿಕಾಪ್ಟರ್ ಹೋಗುತ್ತಂತಲ್ಲ ಅಂತ ಹುಡುಕ್ತಾ ಕೂತಿದ್ದಾರೆ. ಹೋಗುತ್ತೆ ಭಾವ, ಆದ್ರೆ ಅದರಲ್ಲಿ ಸೀಟು ಮೊದಲು ರೋಗಿಗಳಿಗೆ, ಆಮೇಲೆ ದ್ವೀಪದವ್ರಿಗೆ, ನಿಮ್ ಸರದಿ ಬರೋಷ್ಟರಲ್ಲಿ ನಾವು ಹಡಗಲ್ಲಿ ಹೋಗಿ ವಾಪಸ್ಸೂ ಬಂದಿರ್ತೀವಿ.