ಕ್ಲಚ್ ಪೆಡಲ್ ಮೇಲೆ ಬಾರದಿದ್ದರೆ ಮೊದಲು ಡಬ್ಬಿಯ ಮುಚ್ಚಳ ತೆಗೆಯಿರಿ

ರೇಸ್ ಟ್ರ್ಯಾಕ್ ನೋಡಿ ಬಂದ ಮ್ಯಾನುವಲ್ ಗೇರ್ ಗಾಡಿಗಳ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಅಣ್ಣಾ, ಆರೂವರೆ ಸಾವಿರ ಸುತ್ತಿನಲ್ಲಿ ಗೇರ್ ಬದಲಿಸಿದೆ, ಕ್ಲಚ್ ಕೆಳಗೇ ನಿಂತುಬಿಡ್ತು. ಕಾಲ್ಬೆರಳು ಕೊಟ್ಟು ಎತ್ತಬೇಕಾಯ್ತು. ಪಿಟ್‌ಗೆ ಬಂದು ನೋಡಿದ್ರೆ ಏನೂ ಆಗಿಲ್ಲ, ಸರಿಯಾಗೇ ಇದೆ." ಇದನ್ನು ಕೇಳಿದ ತಕ್ಷಣ ಕ್ಲಚ್ ಪ್ಲೇಟ್ ಹೋಗಿದೆ ಎಂದು ಗೇರ್ ಬಾಕ್ಸ್ ಇಳಿಸುವವರೇ ಜಾಸ್ತಿ. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ, ಸುತ್ತು ಏರಿದರೂ ಗಾಡಿ ಮುಂದೆ ಹೋಗುವುದಿಲ್ಲ. ಪೆಡಲ್ ನೆಲಕ್ಕೆ ಅಂಟುವುದು ಬೇರೆಯೇ ಕಾಯಿಲೆ. ಅದರ ಮೂಲ ಹೆಚ್ಚಿನ ಸಲ ಬಾನೆಟ್ ಎತ್ತಿದರೆ ಕಾಣುವ ಬ್ರೇಕ್ ಆಯಿಲ್ ಡಬ್ಬಿಯಲ್ಲಿರುತ್ತದೆ, ಇಲ್ಲವೇ ಪೆಡಲ್ ಬುಡದ ಒಂದು ಸ್ಪ್ರಿಂಗ್‌ನಲ್ಲಿ.

ಈಗಿನ ಹಲವು ಗಾಡಿಗಳಲ್ಲಿ ಕ್ಲಚ್ ಕೆಲಸ ಮಾಡುವುದೂ ಬ್ರೇಕ್ ಆಯಿಲ್ ಮೇಲೆಯೇ. ಎಷ್ಟೋ ಗಾಡಿಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ. ಕ್ಲಚ್‌ಗೆ ಹೋಗುವ ಪೈಪು ಡಬ್ಬಿಯ ಗೋಡೆಯಲ್ಲಿ ಸ್ವಲ್ಪ ಮೇಲಿರುತ್ತದೆ, ಕ್ಲಚ್ ಸೋರಿ ಖಾಲಿಯಾದರೂ ಬ್ರೇಕಿಗೆ ಆಯಿಲ್ ಉಳಿಯಲಿ ಎಂದು. ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಹಲವು ಗಾಡಿಗಳಲ್ಲಿ ಕ್ಲಚ್ ಹೌಸಿಂಗ್ ಒಳಗೆ, ಗೇರ್ ಬಾಕ್ಸ್ ಶಾಫ್ಟಿನ ಸುತ್ತ ಕೂತಿರುತ್ತದೆ. ಒಂದು ಕಡೆ ಕ್ಲಚ್ ಬಿಸಿ, ಪಕ್ಕದಲ್ಲೇ ಸೈಲೆನ್ಸರ್ ಪೈಪಿನ ಬಿಸಿ. ಒಳಗಿರುವ ಆಯಿಲ್ ಕೂಡ ಒಂದಷ್ಟೇ. ಅದರಲ್ಲಿ ನೀರು ಸೇರಿದ್ದರೆ ಕುದಿದು ಆವಿಯಾಗುತ್ತದೆ. ಆವಿ ಗಾಳಿಯ ಹಾಗೆ ಅಮುಕಿಸಿಕೊಳ್ಳುತ್ತದೆಯೇ ಹೊರತು ಸಿಲಿಂಡರ್ ತಳ್ಳುವುದಿಲ್ಲ.

ನಮ್ಮ ಕೊಡಗಿಗೂ ಟ್ರ್ಯಾಕಿಗೂ ಸಂಬಂಧ ಬರುವುದು ಇಲ್ಲೇ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಉಪ್ಪಿನ ಡಬ್ಬಿ ತೆರೆದಿಟ್ಟರೆ ಸಂಜೆಗೆ ನೀರೊಡೆದಿರುತ್ತದೆ. ಬ್ರೇಕ್ ಆಯಿಲ್ ಕೂಡ ಅದೇ ಜಾತಿ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮುಚ್ಚಿದ ಡಬ್ಬಿಯಲ್ಲೂ ಮುಚ್ಚಳದ ಗಾಳಿರಂಧ್ರ, ರಬ್ಬರ್ ಪೈಪುಗಳ ಮೂಲಕ ನಿಧಾನವಾಗಿ ಸೇರುತ್ತದೆ. ಬ್ರೇಕ್ ಆಯಿಲ್‌ನ ದರ್ಜೆಯನ್ನು ಡಾಟ್ ಎಂದು ಗುರುತಿಸುತ್ತಾರೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇದು 205 ಮತ್ತು 140, ಡಾಟ್ 5.1ರಲ್ಲಿ 260 ಮತ್ತು 180. ರೇಸ್ ಆಯಿಲ್‌ಗಳು ಹೊಸದರಲ್ಲಿ 300 ದಾಟುತ್ತವೆ, ಆದರೆ ಬೇಗ ಬೇಗ ಬದಲಿಸುತ್ತಿದ್ದರೆ ಮಾತ್ರ ಆ ಲಾಭ. ಡಾಟ್ 5 ಎಂಬುದು ಸಿಲಿಕೋನ್, 5.1ರ ಅಣ್ಣನೂ ಅಲ್ಲ ತಮ್ಮನೂ ಅಲ್ಲ. ತಪ್ಪಿಯೂ ಬೆರೆಸಬೇಡಿ.

ತೋಟದ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಸರ್ವಿಸ್ ಮಾಡಿಸಿ ಗಾಡಿಯನ್ನು ಶೆಡ್‌ಗೆ ಹಾಕುವ ರೂಢಿ ಇದೆ. ಆಮೇಲೆ ಪುತ್ತರಿ ಹಬ್ಬ ಮುಗಿಸಿ ಡಿಸೆಂಬರ್‌ನಲ್ಲಿ ಟ್ರ್ಯಾಕಿಗೆ ಹೊರಡುವಾಗ "ಆಯಿಲ್ ಹೊಸದು, ಈ ವರ್ಷವೇ ಹಾಕಿಸಿದ್ದು" ಎನ್ನುತ್ತಾರೆ. ಅದು ಇಡೀ ಮುಂಗಾರು ಕುಡಿದ ಆಯಿಲ್. ಹೊರಡುವ ವಾರ ಬದಲಿಸಬೇಕು. ಅರ್ಧ ಲೀಟರಿನ ಡಬ್ಬಿಗಳನ್ನೇ ತನ್ನಿ, ಒಡೆದು ಉಳಿದದ್ದನ್ನು ಮುಂದಿನ ಸಲಕ್ಕೆಂದು ಶೆಲ್ಫಿನಲ್ಲಿ ಇಡಬೇಡಿ. ಬ್ರೇಕ್, ಕ್ಲಚ್ ಎರಡಕ್ಕೂ ಸೇರಿ ಒಂದೂವರೆ ಲೀಟರ್ ಇದ್ದರೆ ಧಾರಾಳ.

ಇನ್ನು ಪತ್ತೆ ಹಚ್ಚುವ ಬಗೆ. ಎಂಜಿನ್ ಆಫ್ ಮಾಡಿ ಪೆಡಲ್ ಹತ್ತು ಸಲ ಒತ್ತಿ. ಒತ್ತುತ್ತಾ ಒತ್ತುತ್ತಾ ಬಿಗಿಯಾದರೆ ಒಳಗೆ ಗಾಳಿ ಅಥವಾ ಆವಿ ಇದೆ. ಇಂಥ ಗಾಡಿಯಲ್ಲಿ ಪೆಡಲ್ ಮೆತ್ತಗಾಗುವುದರ ಜೊತೆಗೆ ಗೇರ್ ಕರಕರ ಎನ್ನುತ್ತದೆ, ರಿವರ್ಸ್ ಬೀಳುವುದಿಲ್ಲ. ಪೆಡಲ್ ಮೊದಲಿಂದ ಕೊನೆವರೆಗೆ ಗಟ್ಟಿಯಾಗೇ ಇದ್ದು, ಎಂಜಿನ್ ಸುತ್ತು ಏರಿದಾಗ ಮಾತ್ರ ಕೆಳಗೆ ನಿಂತರೆ ಅದು ಸ್ಪ್ರಿಂಗ್ ಜಗಳ. ಪೆಡಲ್ ಹಗುರಾಗಲಿ ಎಂದು ಅದರ ಬುಡದಲ್ಲೊಂದು ಸಹಾಯದ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಮೊದಲರ್ಧ ದಾರಿಯಲ್ಲಿ ಅದು ಪೆಡಲನ್ನು ಮೇಲಕ್ಕೆ ತಳ್ಳುತ್ತದೆ, ಅರ್ಧ ದಾಟಿತೋ ಕೆಳಕ್ಕೆ ಎಳೆಯುತ್ತದೆ. ಪೆಡಲನ್ನು ವಾಪಸ್ ಮೇಲಕ್ಕೆ ತರಬೇಕಾದದ್ದು ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳು. ಆರೇಳು ಸಾವಿರ ಸುತ್ತಿನಲ್ಲಿ ತಿರುಗುವ ರಭಸಕ್ಕೆ ಆ ಬೆರಳುಗಳ ಒತ್ತಡ ತಗ್ಗುತ್ತದೆ, ಅದರ ಮೇಲೆ ಕೊಳೆಯಾದ ಆಯಿಲ್ ನಿಧಾನವಾಗಿ ಹಿಂದಿರುಗುತ್ತದೆ. ಆ ಕ್ಷಣ ಕೆಳಕ್ಕೆ ಎಳೆಯುವ ಸ್ಪ್ರಿಂಗೇ ಗೆಲ್ಲುತ್ತದೆ. ಸುತ್ತು ಇಳಿದರೆ ಪೆಡಲ್ ತಾನಾಗಿ ಮೇಲೆ ಬರುತ್ತದೆ, ಆದ್ದರಿಂದಲೇ ಪಿಟ್‌ನಲ್ಲಿ ಏನೂ ಸಿಗುವುದಿಲ್ಲ. ಹೊರದೇಶಗಳಲ್ಲಿ 2015ರ ನಂತರದ ಮ್ಯಾನುವಲ್ ಮಸ್ಟಂಗ್‌ಗಳನ್ನು ಟ್ರ್ಯಾಕಿಗೆ ಒಯ್ಯುವವರು ಈ ಸ್ಪ್ರಿಂಗನ್ನೇ ಕಳಚಿಡುವುದು ಮಾಮೂಲು. ಪೆಡಲ್ ಸ್ವಲ್ಪ ಭಾರವಾಗುತ್ತದೆ, ಅಷ್ಟೆ. ಇನ್ನು ಒತ್ತುವಾಗ ಕ್ಲಚ್ ಪ್ಲೇಟ್ ಪೂರ್ತಿ ಬಿಡಿಸಿಕೊಂಡ ಮೇಲೂ ಪೆಡಲ್ ಇನ್ನೆರಡು ಇಂಚು ಕೆಳಗೆ ಹೋಗುವ ಗಾಡಿಗಳಿಗೆ ನೆಲದ ಮೇಲೆ ಒಂದು ಸ್ಟಾಪರ್ ಕೊಟ್ಟರೆ ಬೆರಳುಗಳು ಮಿತಿ ಮೀರಿ ಬಾಗುವುದಿಲ್ಲ.

ಡಬ್ಬಿಯ ಮುಚ್ಚಳ ತೆಗೆದಾಗ ಬಣ್ಣ ನೋಡಿ. ತಿಳಿ ಜೇನಿನಂತಿದ್ದರೆ ಪರವಾಗಿಲ್ಲ. ಹಾಲಿಲ್ಲದ ಕಾಫಿಯಂತೆ ಕಪ್ಪಾಗಿ ತಳದಲ್ಲಿ ಮಡ್ಡಿ ಕೂತಿದ್ದರೆ ಸೀಲ್ ಪುಡಿ, ಕ್ಲಚ್ ಧೂಳು ಎರಡೂ ಆಯಿಲ್ ಸೇರಿವೆ. ಕ್ಲಚ್‌ಗೆ ಬೇರೆ ಡಬ್ಬಿ ಇರುವ ಗಾಡಿಯಲ್ಲಿ ಟ್ರ್ಯಾಕ್ ಬದಿಯಲ್ಲೇ ಮಾಡಬಹುದಾದ ಉಪಾಯವೊಂದಿದೆ: ಸಿರಿಂಜ್‌ನಿಂದ ಡಬ್ಬಿಯ ಆಯಿಲ್ ಎಳೆದು, ಬಟ್ಟೆಯಲ್ಲಿ ಒರೆಸಿ, ಹೊಸದು ತುಂಬಿ, ಮುಚ್ಚಳ ಹಾಕಿ, ಪೆಡಲ್ ಮೂವತ್ತು ಸಲ ನಿಧಾನವಾಗಿ ಒತ್ತಿಬಿಡಿ. ಮತ್ತೆ ಕಪ್ಪಾಗುತ್ತದೆ, ಮತ್ತೆ ಎಳೆಯಿರಿ. ಐದಾರು ಸಲಕ್ಕೆ ತಿಳಿಯಾಗುತ್ತದೆ. ಕಾರ್ವೆಟ್ ಇಟ್ಟುಕೊಂಡವರಲ್ಲಿ ಈ ರೂಢಿ ಹಳೆಯದು. ಇದು ಅರ್ಧ ಮದ್ದು ಅಷ್ಟೇ, ಗ್ಯಾರೇಜಿಗೆ ಬಂದ ಮೇಲೆ ಸ್ಲೇವ್ ಸಿಲಿಂಡರಿನ ನಿಪ್ಪಲ್‌ನಿಂದ (ಗಾಳಿ ಬಿಡುವ ತಿರುಪು) ಸರಿಯಾಗಿ ಏರ್ ತೆಗೆಯಲೇಬೇಕು. ಹಲವು ಬಿಎಂಡಬ್ಲ್ಯೂ ಮ್ಯಾನುವಲ್‌ಗಳಲ್ಲಿ ಕ್ಲಚ್ ಲೈನಿನಲ್ಲೇ ಆಯಿಲ್ ಹರಿವನ್ನು ತಡೆದು ನಿಧಾನ ಮಾಡುವ ಸಣ್ಣ ವಾಲ್ವ್ ಇರುತ್ತದೆ, ಅದನ್ನೂ ನೋಡಿ.

ಏರ್ ತೆಗೆಯುವಾಗ ಹುಡುಗರು ಮಾಡುವ ದೊಡ್ಡ ತಪ್ಪು ಬ್ರೇಕ್ ಪೆಡಲನ್ನು ನೆಲಕ್ಕೆ ಮುಟ್ಟಿಸಿ ತುಳಿಯುವುದು. ದಿನಬಳಕೆಯಲ್ಲಿ, ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಮೊದಲ ಸ್ವಲ್ಪ ಭಾಗದಲ್ಲೇ ಓಡಾಡುತ್ತದೆ. ಅದರಾಚೆಯ ಗೋಡೆಯಲ್ಲಿ ನಮ್ಮ ಕಡೆಯ ತೇವಕ್ಕೆ ತುಕ್ಕಿನ ಚುಕ್ಕೆಗಳು ಎದ್ದಿರುತ್ತವೆ. ಪೂರ್ತಿ ತುಳಿದರೆ ಸೀಲ್ ಆ ಚುಕ್ಕೆಗಳ ಮೇಲೆ ಹಾದು ಹರಿಯುತ್ತದೆ, ಬೆಳಿಗ್ಗೆ ಸರಿಯಿದ್ದ ಪೆಡಲ್ ಸಂಜೆಗೆ ಕುಸಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಮುಕ್ಕಾಲು ಭಾಗಕ್ಕೆ ನಿಲ್ಲಲಿ. ಬಲಗಡೆ ಸ್ಟೀರಿಂಗ್ ಗಾಡಿಯಲ್ಲಿ ಮಾಸ್ಟರ್‌ನಿಂದ ದೂರದ ಹಿಂದಿನ ಎಡ ಚಕ್ರದಿಂದ ಶುರು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಗಾಡಿಯ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಹಿಡಿಯಿರಿ. ನಿಪ್ಪಲ್ ಕಾಲು ಸುತ್ತು ಸಾಕು. ಪಾರದರ್ಶಕ ಟ್ಯೂಬಿನ ತುದಿ ಆಯಿಲ್‌ನಲ್ಲಿ ಮುಳುಗಿರಲಿ, ಡಬ್ಬಿಯ ಮಟ್ಟ ಕೆಳಗೆ ಹೋಗದಿರಲಿ.

ಬ್ರೇಕಿಗೆ ಎಷ್ಟು ಬಿಸಿ ಬೀಳುತ್ತದೆ ಎಂಬ ಅಂದಾಜಿಗೆ ಒಂದು ಲೆಕ್ಕ. 1600 ಕಿಲೋ ಗಾಡಿಯನ್ನು ಗಂಟೆಗೆ 200 ಕಿ.ಮೀ.ನಿಂದ 80ಕ್ಕೆ ಇಳಿಸಿದರೆ ಹುಟ್ಟುವ ಶಾಖ ಸುಮಾರು ಆರು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಒಂದೇ ಬ್ರೇಕಿಗೆ! ಅದೂ ಟ್ರ್ಯಾಕಿನ ಒಂದು ಸುತ್ತಿನಲ್ಲಿ ಎಷ್ಟು ಸಲ. ಆದ್ದರಿಂದ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ, ಮೇಲಿನ ಗೇರಿನಲ್ಲಿ, ಗಾಳಿ ಆಡುವ ವೇಗದಲ್ಲಿ ಮುಗಿಸಿ. ಪಿಟ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಕಾದ ಪ್ಯಾಡ್ ಡಿಸ್ಕಿಗೆ ಅಚ್ಚೊತ್ತಿ ಕೂರುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಟ್ರ್ಯಾಕ್ ಪ್ಯಾಡ್ ಹಾಕಿಕೊಂಡೇ ಕೊಯಮತ್ತೂರಿಗೆ ಹೊರಡುವವರೂ ಇದ್ದಾರೆ. ಅಂಥ ಪ್ಯಾಡ್ ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಲಾರಿಗಳ ಹಿಂದೆ ಇಳಿಯುವಾಗ ಮೊದಲ ತಿರುವಲ್ಲೇ ಅದು ಗೊತ್ತಾಗುತ್ತದೆ. ಪ್ಯಾಡ್ ಡಿಕ್ಕಿಯಲ್ಲಿರಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಗೇಟಿನ ಒಳಗೆ ಹೋದ ಮೇಲೆ ಬದಲಿಸಿ.

ಟೈರ್ ಗಾಳಿಯನ್ನೂ ಅಲ್ಲೇ ನೋಡಿ. ಮಡಿಕೇರಿ ಸಮುದ್ರ ಮಟ್ಟಕ್ಕಿಂತ ಸುಮಾರು 1150 ಮೀಟರ್ ಎತ್ತರ. 20 ಡಿಗ್ರಿ ಚಳಿಯಲ್ಲಿ ಇಲ್ಲಿ 32 ಪಿಎಸ್ಐ ಹಾಕಿಸಿ ಚೆನ್ನೈ ಬಳಿ ಇರುಂಗಾಟುಕೋಟೈನ ಮದ್ರಾಸ್ ಟ್ರ್ಯಾಕಿಗೆ ಇಳಿದರೆ, ಬರೀ ಎತ್ತರದ ವ್ಯತ್ಯಾಸಕ್ಕೆ ಗೇಜ್‌ನಲ್ಲಿ ಎರಡು ಪಿಎಸ್ಐ ಹತ್ತಿರ ಕಡಿಮೆ ತೋರಬೇಕು. ಅಲ್ಲಿನ 35 ಡಿಗ್ರಿ ಸೆಕೆ ಅಷ್ಟನ್ನೂ ಏರಿಸಿ ಮತ್ತೆ 32ರ ಆಸುಪಾಸಿಗೇ ತರುತ್ತದೆ. ಬೆಳಗಿನ ತಂಪಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಟರ್ಬೊ ಇಲ್ಲದ ಎಂಜಿನ್ನೂ ಹಾಗೆಯೇ. ಇಲ್ಲಿ ಗಾಳಿ ತೆಳುವಾದ್ದರಿಂದ ಹತ್ತಕ್ಕೊಂದು ಪಾಲು ಶಕ್ತಿ ಸೋರಿರುತ್ತದೆ, ಕೆಳಗೆ ಇಳಿದಾಗ ಶಕ್ತಿ ಮರಳುತ್ತದೆ, ಅದರೊಂದಿಗೆ ಬಿಸಿಯೂ.

ಗೇರ್ ತಪ್ಪಿ ಬೀಳುವ ವಿಷಯದಲ್ಲಿ ಇಂಟರ್‌ನೆಟ್ಟಿನ ಬುದ್ಧಿಮಾತು ನಮಗೆ ತಲೆಕೆಳಗು. ಆರು ಗೇರಿನ ಗಾಡಿಯಲ್ಲಿ ಅಮೆರಿಕದವರು 3ರಿಂದ 4ಕ್ಕೆ ಹೋಗುವಾಗ ಎಚ್ಚರ ಎನ್ನುತ್ತಾರೆ. ಎಡಗಡೆ ಕೂತವರು ಲಿವರನ್ನು ತಮ್ಮತ್ತ ಎಳೆದರೆ 2 ಬೀಳುತ್ತದೆ. ಬಲಗಡೆ ಕೂತ ನಾವು ನಮ್ಮತ್ತ ಎಳೆದರೆ 6 ಬೀಳುತ್ತದೆ, ಗಾಡಿ ಮಂಕಾಗುತ್ತದೆ, ಅಷ್ಟೇ. ನಮಗೆ ಅಪಾಯ 5ರಿಂದ 4ಕ್ಕೆ ಇಳಿಸುವಾಗ: ಅಂಗೈ ಲಿವರನ್ನು ಆಚೆಗೆ ತಳ್ಳಿದರೆ 2. 2ನೇ ಗೇರಿನ ಅನುಪಾತ 1.78, 4ನೇದರದ್ದು 1.00 ಇರುವ ಗೇರ್ ಬಾಕ್ಸ್‌ನಲ್ಲಿ, 4ರಲ್ಲಿ 5000 ಸುತ್ತು ಬರಬೇಕಾದ ವೇಗಕ್ಕೆ 2 ಬಿದ್ದರೆ ಎಂಜಿನ್ 8900ಕ್ಕೆ ಹಾರುತ್ತದೆ. ಸುತ್ತಿಗೆ ಮಿತಿ ಹಾಕುವ ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಚಕ್ರ ಎಂಜಿನ್ನನ್ನು ತಿರುಗಿಸುವುದನ್ನು ನಿಲ್ಲಿಸಲಾರದು. ವಾಲ್ವ್ ಪಿಸ್ಟನ್‌ಗೆ ಬಡಿಯುವುದು ಆಗಲೇ. ಹಳೆಯ ಎಂಜಿನ್ ಮೌಂಟಿಂಗ್, ಸಡಿಲ ಶಿಫ್ಟರ್ ಬುಷ್ ಇದ್ದರೆ ತಿರುವಿನಲ್ಲಿ ಎಂಜಿನ್ ವಾಲಿ ಗೇರಿನ ದಾರಿಯೇ ಜರುಗಿರುತ್ತದೆ. ಮುಷ್ಟಿ ಹಿಡಿಯದೆ ಬೆರಳಲ್ಲಿ ಎಳೆಯಿರಿ, ಲಿವರನ್ನು ನಡುವಿಗೆ ತರುವ ಕೆಲಸ ಸ್ಪ್ರಿಂಗಿನದು.

ಎಂಜಿನ್ ಆಯಿಲ್ ಬಗ್ಗೆ ಒಂದೇ ಮಾತು: ತಿರುವಿನಲ್ಲಿ 1 ಜಿ ಬಲ ಬಿದ್ದರೆ ಚೇಂಬರ್‌ನ ಆಯಿಲ್ 45 ಡಿಗ್ರಿ ವಾಲಿ ಒಂದು ಗೋಡೆ ಏರುತ್ತದೆ, ಪಂಪು ಗಾಳಿ ಎಳೆಯುತ್ತದೆ. ಮಟ್ಟ ಯಾವಾಗಲೂ ಮೇಲಿನ ಗೀಟಿಗಿರಲಿ. ಉದ್ದ ತಿರುವಿನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಬಿದ್ದರೆ ಆಕ್ಸಿಲರೇಟರ್ ಬಿಟ್ಟು ಪಿಟ್‌ಗೆ ಬನ್ನಿ. ಆಯಿಲ್‌ಗೆ ಬೇರೆ ಟ್ಯಾಂಕ್ ಇರುವ ಡ್ರೈ ಸಂಪ್ ಗಾಡಿಗಳ ಮಟ್ಟ ನೋಡುವ ಕ್ರಮ ಬೇರೆ, ಎಂಜಿನ್ ಬಿಸಿಯಿರುವಾಗ ನೋಡಬೇಕು. ತಣ್ಣಗಿರುವಾಗ ನೋಡಿ ಕಡಿಮೆಯಿದೆ ಎಂದು ಸುರಿದರೆ ಇನ್‌ಟೇಕ್ ತುಂಬ ಆಯಿಲ್.

ಕೊನೆಗೆ, ಶೆಡ್‌ನಲ್ಲಿ ಮೂರು ತಿಂಗಳು ನಿಂತ ಗಾಡಿ. ಕ್ಲಚ್ ಒತ್ತಿದರೂ ಗೇರ್ ಬೀಳದಿದ್ದರೆ ಪ್ಲೇಟ್ ತುಕ್ಕಿಗೆ ಫ್ಲೈವೀಲ್‌ಗೆ ಅಂಟಿರಬಹುದು. ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಎಂಜಿನ್ ಬಿಸಿಯಾಗಲು ಬಿಡಿ, ಆಫ್ ಮಾಡಿ. ಎದುರಿಗೆ ಖಾಲಿ ಜಾಗ ನೋಡಿಕೊಂಡು 3ನೇ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಒತ್ತಿ, ಬ್ರೇಕ್ ಬಿಗಿ ಹಿಡಿದು, ಸ್ಟಾರ್ಟರ್ ಅರೆಕ್ಷಣ ಮುಟ್ಟಿಸಿ. ಎರಡು ಮೂರು ಸಲಕ್ಕೆ ಟಪ್ ಎಂದು ಬಿಡುತ್ತದೆ. ಬಿಡದಿದ್ದರೆ ಹಟ ಬೇಡ, ಆಗ ಗೇರ್ ಬಾಕ್ಸ್ ಇಳಿಸಿ. ಸ್ಟಾರ್ಟ್ ಮಾಡುವುದಕ್ಕೂ ಮೊದಲು ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿ ನೋಡಿ, ಇಲಿ ಕಾಫಿ ಸಿಪ್ಪೆ ತಂದು ಸಂಸಾರ ಹೂಡಿರುತ್ತದೆ.